ಗಗನಧೀರ ಹತ್ತಿದ ಬಸ್ಸು

ಮನುಷ್ಯನ ಸಾಹಿತ್ಯಾಭಿರುಚಿ ಎಂಟನೆಯ ವಯಸ್ಸಿಗೇ ಕೆಟ್ಟರೆ ಆಮೇಲೆ ಯಾವ ವಿಶ್ವವಿದ್ಯಾಲಯವೂ ಅದನ್ನು ರಿಪೇರಿ ಮಾಡಲಾರದು ಎಂಬುದಕ್ಕೆ ನಾನೇ ಸಾಕ್ಷಿ. ಬೀದರಿನ ಒಂದು ಪ್ರೌಢಶಾಲೆಯಲ್ಲಿ ಬಹಳ ವರ್ಷಗಳಿಂದ ಹಿಂದಿ ಕಲಿಸುತ್ತಿದ್ದೇನೆ. ಮಕ್ಕಳ ಪ್ರಬಂಧಗಳಲ್ಲಿ ತರ್ಕದೋಷ ಹುಡುಕಿ ಕೆಂಪು ಗೆರೆ ಎಳೆಯುವುದರಲ್ಲಿ ನನ್ನದು ಎತ್ತಿದ ಕೈ. "ಮ್ಯಾಲಿನ ಸಾಲಿನಾಗ ಆಕಳ ಕಟ್ಟಿ ಹಾಕೀದಿ, ಕೆಳಗ ಅದು ಹೊಲದಾಗ ಮೇಯ್ಲತ್ತದ. ಹಗ್ಗ ಬಿಚ್ಚಿದವರು ಯಾರು?" ಎಂದು ಕೇಳಿ ಅಂಕ ಕತ್ತರಿಸುವವನು ನಾನು. ಇಂಥವನಿಗೆ ಅತಿ ಪ್ರಿಯವಾದ ಪುಸ್ತಕ ಯಾವುದು ಎಂದು ಯಾರಾದರೂ ಕೇಳಿದರೆ ದೊಡ್ಡ ಕವಿಗಳ ಹೆಸರು ಹೇಳಿ ಪಾರಾಗುತ್ತೇನೆ. ನಿಜ ಹೇಳಬೇಕೆಂದರೆ ಅದು 'ಅಷ್ಟವೀರ ಮಹಾಸಮ್ಮೇಳನ' ಎಂಬ ಹಿಂದಿ ಕಾಮಿಕ್ಸ್. ಅಲ್ಲಿಯವರೆಗೆ ತಮ್ಮ ತಮ್ಮ ಪುಸ್ತಕಗಳಲ್ಲಿ ಒಬ್ಬೊಬ್ಬರೇ ಲೋಕ ಕಾಯುತ್ತಿದ್ದ ಎಂಟು ಮಂದಿ ಮಹಾವೀರರು ಒಂದೇ ಕಥೆಯಲ್ಲಿ ಒಟ್ಟುಗೂಡಿ ಒಬ್ಬ ದುಷ್ಟನನ್ನು ಎದುರಿಸುವ, ನಾಲ್ಕು ಭಾಗಗಳ ಪುಸ್ತಕ.

ಹೊರಗಿನವರಿಗೆ ಇದು ಗುಟ್ಟು. ಹೆಂಡತಿ ಸುವರ್ಣಾಳಿಗೆ ಮಾತ್ರ ಮದುವೆಯಾದ ವಾರವೇ ಹೇಳಿಬಿಟ್ಟಿದ್ದೆ, ಅದರಲ್ಲೂ ಮೂರನೆಯ ಭಾಗದ ಬಸ್ಸಿನ ಪ್ರಸಂಗವನ್ನು ಅಭಿನಯಸಹಿತ. ಆಮೇಲೂ ವರ್ಷಕ್ಕೆ ಒಂದೆರಡು ಸಲ ಹೇಳುತ್ತಲೇ ಬಂದಿದ್ದೇನೆ. ಬೀದರಿನ ಚಿದ್ರಿ ಬಡಾವಣೆಯ ನಮ್ಮ ಮನೆಗೆ ಇರುವುದು ಒಂದೇ ಅಟ್ಟ. ಅದರ ಮೇಲೆ ಈ ಕಾಮಿಕ್ಸುಗಳ ತಗಡಿನ ಟ್ರಂಕು ಕೂತಿದೆ. ಈ ವರ್ಷ ಸುವರ್ಣಾಳ ತವರಿನಿಂದ ಹೊದೆಯಲು ನಾಲ್ಕು ಹೊಸ ಕೌದಿಗಳು ಬಂದವು, ಟ್ರಂಕಿನ ಕುರ್ಚಿ ಅಲುಗಾಡತೊಡಗಿತು. "ಇದರಾಗ ಏನ್ ಬಂಗಾರ ಅದರಿ? ರದ್ದಿಯವಗ ಕೊಟ್ರ ಕೌದಿ ಇಡ್ಲಿಕ್ಕೆ ಜಾಗಾ ಆಗ್ತದ" ಎಂದಳು. ನಾನು ಸಾಹಿತ್ಯ, ಸಂಸ್ಕೃತಿ ಎಂದೆಲ್ಲ ಮಾತಾಡಿದೆ. ಆಕೆ ಶಾಂತವಾಗಿ ಒಂದು ಷರತ್ತು ಹಾಕಿದಳು: "ಇಷ್ಟು ವರ್ಷ ಬಸ್ಸಿಂದು ಕೇಳಿ ಕೇಳಿ ಸಾಕಾಗ್ಯದರಿ. ಆ ಬಸ್ಸಿನ ಚಿತ್ರ ನನಗ ತೋರಸ್ರಿ, ಟ್ರಂಕ್ ಅಲ್ಲೇ ಇರ್ಲಿ. ಇಲ್ಲಂದ್ರ ಕೆಳಗಿಳಸ್ರಿ."

ಇಲ್ಲೇ ಇದ್ದದ್ದು ತೊಡಕು. ನನ್ನಲ್ಲಿ ಇದ್ದವು ಒಂದು, ಎರಡು ಮತ್ತು ನಾಲ್ಕನೆಯ ಭಾಗಗಳು. ಮೂರನೆಯದನ್ನು ನಾನು ಕಣ್ಣಾರೆ ಕಂಡೇ ಇರಲಿಲ್ಲ. ಅದನ್ನು ವಿವರಿಸಬೇಕಾದರೆ ನಾನು ಹುಟ್ಟಿ ಬೆಳೆದ ಔರಾದಿಗೆ ಹೋಗಬೇಕು, ಒಂದರ ಹಿಂದೆ ಒಂದು ಮಳೆಗಾಲ ಕೈಕೊಟ್ಟ ಆ ವರ್ಷಗಳಿಗೆ. ನಮ್ಮ ತರಗತಿಯಲ್ಲಿ ಹಾಜರಿ ಕರೆಯುವುದೆಂದರೆ ಭೂಗೋಳದ ಪಾಠ. ಮಾಸ್ತರರು ಒಂದು ಹೆಸರು ಕೂಗುವರು, ಉತ್ತರ ಬರುತ್ತಿರಲಿಲ್ಲ. "ಪುಣೆ" ಎಂದು ತಾವೇ ಹೇಳಿಕೊಂಡು ಮುಂದಿನ ಹೆಸರಿಗೆ ಹೋಗುವರು, ಅದಕ್ಕೆ "ಹೈದ್ರಾಬಾದ್". ನಮ್ಮ ಅಪ್ಪನೂ ಗೌಂಡಿ ಕೆಲಸಕ್ಕೆ ಹೈದರಾಬಾದಿಗೆ ಹೋಗಿದ್ದರು. ಅವ್ವ ಬೆಳಗಾದರೆ ಬರಗಾಲದ ಕಾಮಗಾರಿಗೆ ಕಲ್ಲು ಒಡೆಯಲು ಹೋಗುವಳು. ಮನೆ ನಡೆಸುತ್ತಿದ್ದವಳು ಹನ್ನೆರಡು ವರ್ಷದ ಕಸ್ತೂರಕ್ಕ, ಅವಳ ಕೈಯಲ್ಲಿ ಎಂಟು ವರ್ಷದ ನಾನು.

ಅಪ್ಪ ಊರಿಗೆ ಬಂದಾಗಲೆಲ್ಲ ಹೈದರಾಬಾದಿನ ಫುಟ್‌ಪಾತಿನಿಂದ ಒಂದು ಹಳೆಯ ಕಾಮಿಕ್ಸ್ ತರುತ್ತಿದ್ದರು. ಅವರಿಗೆ ಓದು ಬಾರದು, ಮುಖಪುಟದಲ್ಲಿ ಬಣ್ಣ ಎಷ್ಟಿದೆ ಎಂದು ನೋಡಿ ಆರಿಸುವರು. ನಾನು ಕನ್ನಡ ಸಾಲಿಯವನು, ನನಗೆ ಆ ಲಿಪಿಯೇ ಬಾರದು. ಅಕ್ಕ ಮಾತ್ರ, ನಮ್ಮ ಕಡೆ ಇರುವಂತೆ, ಮನೆಗೆ ಹತ್ತಿರವಿದ್ದ ಮರಾಠಿ ಸಾಲಿಗೆ ಹೋಗಿದ್ದಳು. ಮರಾಠಿಗೂ ಹಿಂದಿಗೂ ಲಿಪಿ ಒಂದೇ ಆದ್ದರಿಂದ ಅವಳು ಹಿಂದಿಯನ್ನು ಕಣ್ಣಲ್ಲಿ ಓದಿ ಬಾಯಲ್ಲಿ ಕನ್ನಡ ಹೇಳುವಳು. ಒಲೆಯ ಮುಂದೆ ರೊಟ್ಟಿ ಬಡಿಯುತ್ತ, ಪುಸ್ತಕವನ್ನು ಮೊಣಕಾಲಿಗೆ ಆನಿಸಿಕೊಂಡು ಓದುವಳು. ಪುಟ ತಿರುಗಿಸುವ ಕೆಲಸ ನನ್ನದು. ಒಂದನೆಯ, ಎರಡನೆಯ ಭಾಗಗಳ ಅಂಚಿಗೆ ಇಂದಿಗೂ ಜೋಳದ ಹಿಟ್ಟು ಅಂಟಿದೆ. ಮೂರನೆಯ ಭಾಗ ಮಾತ್ರ ಅಪ್ಪನಿಗೆ ಸಿಕ್ಕಿರಲಿಲ್ಲ. ಅದನ್ನು ಅಕ್ಕ ತನ್ನ ಗೆಳತಿಯ ಮನೆಯಲ್ಲಿ ಓದಿ ಬಂದು ನನಗೆ ಬಾಯಿಮಾತಿನಲ್ಲೇ ಹೇಳಿದಳು.

ಆ ಪ್ರಸಂಗ ಹೀಗಿದೆ. ಸೂರ್ಯನನ್ನು ಕದಿಯಲು ಹೊರಟ ಪ್ರಳಯಾಚಾರ್ಯ ಇನ್ನೇನು ಗೆಲ್ಲುವುದರಲ್ಲಿದ್ದಾನೆ. ಏಳು ವೀರರು ಕೂಡಿದ್ದಾರೆ. ಎಂಟನೆಯವನಾದ, ಎಲ್ಲರಿಗಿಂತ ಬಲಶಾಲಿಯಾದ ಗಗನಧೀರ ಹೊರಗೆ ಹೋದವನು ಇನ್ನೂ ಮರಳಿಲ್ಲ. ಅವನು ನಮ್ಮನ್ನು ಮರೆತ ಎಂದು ಉಳಿದವರು ಬೇಸರದಲ್ಲಿದ್ದಾಗ ಮಿಂಚಿನಂತೆ ಓಡುವ ಚಪಲಾ ಹೇಳುತ್ತಾಳೆ: ಮರೆತಿಲ್ಲ, ಹೈದರಾಬಾದಿನ ಬಸ್ಸು ತುಂಬಿದೆ, ಜಹೀರಾಬಾದ್ ದಾಟಿದರೂ ಸೀಟು ಸಿಕ್ಕಿಲ್ಲ, ನಿಂತೇ ಬರುತ್ತಿದ್ದಾನೆ. ಕೊನೆಗೆ ಗಗನಧೀರ ಬರುತ್ತಾನೆ. ಕಾಲು ಬಾತಿವೆ, ಬಗಲಲ್ಲಿ ಕೈಚೀಲವಿದೆ. ಬಂದವನೇ ಯುದ್ಧದ ಮಾತೆತ್ತದೆ "ಎಲ್ಲಾರೂ ಉಂಡ್ರೇನು?" ಎಂದು ಕೇಳುತ್ತಾನೆ. ಲೋಕ ಕಾಯುವವರು ಮೊದಲು ಕೇಳಬೇಕಾದ ಮಾತು ಇದೇ ಎಂದು ನಾನು ಅಂದೂ ನಂಬಿದ್ದೆ, ಇಂದೂ ನಂಬಿದ್ದೇನೆ. ಆ ಕಥೆಯನ್ನು ನಾನೇ ಓದಬೇಕೆಂದು ಹಟ ಹಿಡಿದು ಹಿಂದಿ ಕಲಿತೆ, ಕಲಿತದ್ದು ಹೊಟ್ಟೆಪಾಡಾಯಿತು.

ಹೋದ ತಿಂಗಳು ಹೈದರಾಬಾದಿನಲ್ಲೊಂದು ಮದುವೆ. ಅಕ್ಷತೆ ಮುಗಿದದ್ದೇ ತಡ, ಸುವರ್ಣಾಳನ್ನು ಬೀಗರ ನಡುವೆ ಬಿಟ್ಟು ಹಳೆಯ ಪುಸ್ತಕಗಳ ಬೀದಿಗೆ ಹೋದೆ. ಅಲ್ಲಿ ಧೂಳಿನ ಗುಡ್ಡೆಯಲ್ಲಿ ಮೂರನೆಯ ಭಾಗ ಸಿಕ್ಕಿತು. ಮನೆಗೆ ಬಂದು, ಊಟ ಬಿಟ್ಟು, ನಾಲ್ಕನ್ನೂ ಕ್ರಮವಾಗಿ ಓದಿದೆ. ಮೂರನೆಯದು ಸಿಗುವವರೆಗೆ ಉಳಿದವನ್ನೂ ಓದಬಾರದೆಂದು ಟ್ರಂಕಿನಲ್ಲೇ ಇಟ್ಟಿದ್ದೆ, ಹೀಗಾಗಿ ನಾನೇ ಓದಿದ್ದು ಇದೇ ಮೊದಲ ಸಲ.

ಅಯ್ಯೋ, ಎಂಥ ಅಧ್ವಾನ. ಒಂದನೆಯ ಭಾಗದ ಮುಕ್ಕಾಲು ಪಾಲು ಎಂಟು ಜನರ ಆಗಮನಕ್ಕೇ ಹೋಗಿದೆ. ಲಗ್ನದಲ್ಲಿ ಬೀಗರಿಗೆ ಒಬ್ಬೊಬ್ಬರಿಗೂ ಟೋಪಿ, ಟವೆಲ್ಲು ಕೊಟ್ಟು ಮರ್ಯಾದೆ ಮಾಡುವ ಹಾಗೆ ಕಥೆಗಾರ ಪ್ರತಿಯೊಬ್ಬ ವೀರನಿಗೂ ಒಂದೊಂದು ಇಡೀ ಪುಟದ ಚಿತ್ರ ಕೊಟ್ಟಿದ್ದಾನೆ, ಯಾರೂ ಮುನಿಸಿಕೊಳ್ಳಬಾರದಲ್ಲ. ಎರಡನೆಯ ಭಾಗದಲ್ಲಿ ಅವರು ದುಷ್ಟನನ್ನು ಬಿಟ್ಟು ತಮ್ಮತಮ್ಮೊಳಗೇ ಹೊಡೆದಾಡುತ್ತಾರೆ. ಕಾರಣ ತಪ್ಪು ತಿಳುವಳಿಕೆ. "ಯಾರಪ್ಪಾ ನೀ?" ಎಂದು ಒಂದು ಮಾತು ಕೇಳಿದ್ದರೆ ಇಪ್ಪತ್ತು ಪುಟ ಉಳಿಯುತ್ತಿತ್ತು. ಬೆಳಕಿಗಿಂತ ವೇಗವಾಗಿ ಓಡುವ ಚಪಲಾಳನ್ನು ಒಬ್ಬ ಕುಂಟ ಸೇವಕ ಅಪಹರಿಸುತ್ತಾನೆ. ಪುಡಿಪುಡಿಯಾಗಿ ಸತ್ತ ಶಿಲಾಪುರುಷನೆಂಬ ವೀರ ನಾಲ್ಕನೆಯ ಭಾಗದ ಕೊನೆಯ ಚಿತ್ರದಲ್ಲಿ ಮೂಲೆಯಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದಾನೆ, ಯಾರೂ ಯಾಕೆಂದು ಕೇಳುವುದಿಲ್ಲ. ಇನ್ನು ಪ್ರಳಯಾಚಾರ್ಯನ ಸೂರ್ಯನ ಕಳವು. ಆ ಬೇಸಿಗೆಗಳಲ್ಲಿ ಅವನು ಔರಾದಿಗೆ ಬಂದು ಕೇಳಿದ್ದರೆ ನಮ್ಮ ಓಣಿಯವರೇ ಏಣಿ ಹಿಡಿದು, ಒಯ್ಯಪ್ಪಾ ಒಂದೆರಡು ತಿಂಗಳು ಎನ್ನುತ್ತಿದ್ದರು. ಕೆಂಪು ಪೆನ್ನು ಕೈಯಲ್ಲಿದ್ದಿದ್ದರೆ ಈ ಪುಸ್ತಕ ಪಾಸಾಗುತ್ತಿರಲಿಲ್ಲ.

ಮೂರನೆಯ ಭಾಗವಂತೂ ಮೊದಲಿನಿಂದ ಕೊನೆಯವರೆಗೆ ಧಡಾಮ್ ಧುಡೂಮ್. ಬಸ್ಸಿಲ್ಲ. ಕೈಚೀಲವಿಲ್ಲ. ಉಂಡಿರೇನು ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಗಗನಧೀರ ಎರಡನೆಯ ಪುಟದಲ್ಲೇ ಹಾರಿ ಬರುತ್ತಾನೆ, ಧೂಮಕೇತು ಬಡಿದು ಕೈ ಮುರಿದುಕೊಳ್ಳುತ್ತಾನೆ. ಹಾಳೆ ಹರಿದಿರಬಹುದೆಂದು ಪುಟಸಂಖ್ಯೆ ನೋಡಿದೆ, ಎಲ್ಲ ಸರಿಯಿದ್ದವು. "ಸಿಕ್ತೇನ್ರಿ ಬಸ್ಸು?" ಎಂದಳು ಸುವರ್ಣಾ, ಕೌದಿ ಮಡಚುತ್ತ. ಇದು ಬೇರೆ ಆವೃತ್ತಿ ಇರಬೇಕು ಎಂದು ತಡವರಿಸಿದೆ. ಟ್ರಂಕಿನ ಚಿಂತೆ ಆಗ ಹಿಂದೆ ಬಿತ್ತು. ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡದ್ದು ಪುಸ್ತಕದಲ್ಲಿಲ್ಲ ಎಂದರೆ ಎಲ್ಲಿಂದ ಬಂತು ಎಂದು ತಿಳಿಯದೆ ನನಗೆ ನಿಜಕ್ಕೂ ಹೆದರಿಕೆಯಾಯಿತು. ಮರುದಿನ ಪುಸ್ತಕ ಹಿಡಿದುಕೊಂಡು ಭಾಲ್ಕಿಗೆ ಹೊರಟೆ. ಕಸ್ತೂರಕ್ಕನನ್ನು ಕೊಟ್ಟದ್ದು ಅಲ್ಲಿಗೆ.

ಅಕ್ಕ ಪಡಸಾಲೆಯಲ್ಲಿ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದಳು. ಪುಸ್ತಕ ಕೈಗಿತ್ತು, "ಅಕ್ಕಾ, ಇದರಾಗ ಬಸ್ ಎಲ್ಲಿ ಅದ?" ಎಂದೆ. ಅವಳು ಕನ್ನಡಕ ಏರಿಸಿ ಮುಖಪುಟ ನೋಡಿದಳು. "ಹೌದಾ, ಮೂರನೇದು ಹಿಂಗದೇನು? ನಾ ನೋಡೇ ಇಲ್ಲ" ಎಂದಳು.

"ನಿನ್ನ ಗೆಳತಿ ಮನ್ಯಾಗ ಓದೀನಿ ಅಂದಿದ್ದಿಯಲ್ಲ?"

"ಆಕಿ ಮನ್ಯಾಗ ಕಾಮಿಕ್ಸ್ ಎಲ್ಲಿಂದ ಬರ್ಬೇಕೋ? ಆಕಿ ಮನಿಗೇ ಬೀಗ ಬಿದ್ದಿತ್ತು, ಎಲ್ಲಾರೂ ಪುಣೆಕ್ಕ ಹೋಗಿದ್ರು." ಮೊರ ಕೆಳಗಿಟ್ಟಳು. "ಅಪ್ಪ ಪಂಚಮಿಗಿ ಬರ್ತೀನಂತ ಹೇಳಿ ಹೋಗಿದ್ರು. ಪಂಚಮಿ ಆತು, ಬರ್ಲಿಲ್ಲ. ಕಾಗದಿಲ್ಲ, ಸುದ್ದಿಲ್ಲ. ಅವ್ವ ಮಾತಾಡೋದೇ ಬಿಟ್ಟಿದ್ಳು. ನೀ ನೋಡಿದ್ರ, ಅಪ್ಪ ಬರೋತನ ಉಣ್ಣಲ್ಲಂತ ತಾಟ ದೂಡ್ಲತ್ತಿದ್ದಿ. ಏನ್ ಮಾಡ್ಲಿ? ಅಪ್ಪ ಬರ್ತಾರೋ ಇಲ್ಲೋ ನನಗೂ ಗೊತ್ತಿದ್ದಿಲ್ಲ ತಮ್ಮಾ. ಕಥಿಯಾಗರೇ ಬಸ್ ಹತ್ತಸಿಬಿಟ್ಟೆ."

ಹದಿನೈದು ದಿನ ತಡವಾಗಿ ಅಪ್ಪ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಹೈದರಾಬಾದಿನಿಂದ ನಿಂತೇ ಬಂದಿದ್ದರು. ಚೀಲದಲ್ಲಿ ನಾಲ್ಕನೆಯ ಭಾಗವಿತ್ತು. ಅದರಲ್ಲಿ ಗಗನಧೀರನ ಕೈಗೆ ಪಟ್ಟಿ ಕಟ್ಟಿತ್ತು. ಯಾಕೆಂದು ಕೇಳಿದ್ದಕ್ಕೆ ಅಕ್ಕ ಒಂದು ಕ್ಷಣವೂ ತಡೆಯದೆ, ಬಸ್ಸಿನ ಸರಳು ಹಿಡಿದು ಹಿಡಿದು ಉಳುಕ್ಯಾದ ಎಂದಿದ್ದಳು. ನಾನು ನಂಬಿದ್ದೆ. ಅಪ್ಪ ಹೊಸ್ತಿಲು ದಾಟುತ್ತಲೇ ಏನು ಕೇಳಿದರು ಎಂಬುದೂ ಈಗ ನೆನಪಾಯಿತು. ಅವರು ಎಂದು ಬಂದರೂ ಮೊದಲು ಕೇಳುತ್ತಿದ್ದುದು ಅದೊಂದನ್ನೇ. ನನ್ನ ಕಣ್ಣಲ್ಲಿ ನೀರು ಬಂತು. ತೊಗರಿಬೇಳೆಯ ಧೂಳು ಎಂದು ಹೇಳಬಹುದಿತ್ತು, ಹೇಳಲಿಲ್ಲ.

ಅಕ್ಕ ಮತ್ತೆ ಮೊರ ಕೈಗೆತ್ತಿಕೊಂಡಳು. ನಗು ತಡೆಯಲಾರದೆ ಕೇಳಿದಳು: "ಅಲ್ಲೋ, ಸಾಲಿ ಹುಡುಗುರ ತಪ್ಪು ಹಿಡೀತಿಯಂತ. ಅಂವ ಹಾರೋ ಮನಷ್ಯಾ ಇದ್ದ. ಬಸ್ಸಿನ್ಯಾಗ ಯಾಕ ಬರ್ತಾನಂತ ಇಷ್ಟು ವರ್ಷದಾಗ ನಿನಗ ಒಮ್ಮಿಗರೇ ಅನಸಲಿಲ್ಲೇನು?"

ಅನಿಸಿರಲಿಲ್ಲ. ಲೋಕದ ಬಲಶಾಲಿಗಳೆಲ್ಲ ಹೈದರಾಬಾದಿನಿಂದ ಬಸ್ಸಿನಲ್ಲೇ ಬರುತ್ತಾರೆಂದು ನಾನು ತಿಳಿದಿದ್ದೆ.

ಚಿದ್ರಿಗೆ ಬಂದು ಸುವರ್ಣಾಳಿಗೆ ಎಲ್ಲವನ್ನೂ ಹೇಳಿದೆ. ಸೋತೆ ಎಂದೂ ಒಪ್ಪಿಕೊಂಡೆ. ಆಕೆ ಕೌದಿಗಳನ್ನು ಮಂಚದ ಕೆಳಗೆ ತಳ್ಳಿ, "ಟ್ರಂಕ್ ಅಲ್ಲೇ ಇರ್ಲಿ ಬಿಡ್ರಿ" ಎಂದಳು. ಭಾನುವಾರ ರದ್ದಿಯವನು ಬಂದಾಗ ನಾನೇ ಹೋಗಿ ಮೂರನೆಯ ಭಾಗವನ್ನು ಅವನ ತಕ್ಕಡಿಗೆ ಹಾಕಿದೆ. ಅವನು ಅದನ್ನು ತಿರುವಿ ಹಾಕಿ, "ಒಂದೇ ಏನ್ರಿ ಸರ್? ಉಳದವು ಇಲ್ಲೇನ್ರಿ?" ಎಂದ.

"ನಮ್ಮಲ್ಲಿ ಪೂರಾ ಸೆಟ್ ಅದಪ್ಪಾ" ಎಂದೆ. "ಇದೊಂದು ಹೆಚ್ಚಾಗಿತ್ತು."