ಪಂಪಿನ ಎಂಜಿನ್ನಿನ ಸವಾರಿ

ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತ ಬಿದ್ದಿದ್ದ ಹಳೇ ಪಂಪಿನ ಎಂಜಿನ್ನನ್ನು ಗುಜರಿಗೆ ಹಾಕಿಬಿಡಿ ಎಂದು ಹೆಂಡತಿ ಹೇಳದೇ ಇದ್ದಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಲೇ ಇರಲಿಲ್ಲ.

ಗಂಡ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದರಿಂದ ಬಡಾವಣೆಯವರೆಲ್ಲ ಅವರನ್ನು ಕನ್ನಡಕದವರು ಎಂದೇ ಕರೆಯುತ್ತಿದ್ದರು. ಊರಿಗೆಲ್ಲ ದೃಷ್ಟಿ ಕೊಡುವ ಮನುಷ್ಯ ಮನೆಯಲ್ಲಿ ಮಾತ್ರ ಹೆಂಡತಿ ಕಂಡದ್ದನ್ನೇ ಕಾಣುತ್ತಿದ್ದರು. ಪರದೆಗೆ ಯಾವ ಬಣ್ಣ, ಮದುವೆಗೆ ಯಾವ ಅಂಗಿ, ಪಕ್ಕದವರ ಜೊತೆ ಈ ತಿಂಗಳು ಮಾತಾಡಬೇಕೋ ಬೇಡವೋ, ಎಲ್ಲಕ್ಕೂ ಅವರ ಉತ್ತರ ಒಂದೇ: "ನೀನು ಹೇಳಿದ ಹಾಗೆ." ಆದರೆ ಎಂಜಿನ್ನಿನ ಮಾತು ಬಂದಾಗ ಅವರ ಬಾಯಿಂದ "ಬೇಡ" ಎಂಬ ಶಬ್ದ ತಾನಾಗಿ ಹೊರಬಿತ್ತು. ಅದನ್ನು ಕೇಳಿ ಅವರಿಗೇ ಗಾಬರಿಯಾಯಿತು.

ಆ ಎಂಜಿನ್ನು ಅವರ ಅಪ್ಪನದು. ಹಿತ್ತಲ ತರಕಾರಿ ಪಾತಿಗೆ ನೀರೆತ್ತಲು ತಂದದ್ದು. ಆಗ ಅವರಿಗೂ ಅಕ್ಕನಿಗೂ ಒಂದು ಗಾಡಿಯಿತ್ತು. ಪೆಟ್ಟಿಗೆಯ ಹಲಗೆಗೆ ಹಳೇ ಬೇರಿಂಗುಗಳನ್ನು ಚಕ್ರ ಮಾಡಿ ಬಡಿದದ್ದು. ಶಾಲೆಯ ಮುಂದಿನ ಇಳಿಜಾರಿನಲ್ಲಿ ಅಕ್ಕ ಮುಂದೆ ಕೂತು ಹಗ್ಗ ಹಿಡಿಯುವಳು, ತಮ್ಮ ಹಿಂದಿನಿಂದ ತಳ್ಳಿ ಓಡಿಬಂದು ನೆಗೆದು ಅವಳ ಬೆನ್ನಿಗೆ ಅಂಟಿಕೊಳ್ಳುವನು. ಬೇರಿಂಗುಗಳು ರಸ್ತೆಯ ಮೇಲೆ ಕರ್ರೋ ಎಂದು ಹಲ್ಲು ಕಡಿಯುತ್ತಿದ್ದರೆ ಬೀದಿಯ ನಾಯಿಗಳೆಲ್ಲ ಸಂದಿ ಸೇರುತ್ತಿದ್ದವು. ಇಳಿಯುವುದು ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು, ಮತ್ತೆ ಮೇಲಕ್ಕೆ ಎಳೆಯುವುದು ಅರ್ಧ ಜನ್ಮ. ಅಕ್ಕ ಪಂಪನ್ನು ನೋಡಿ ಒಂದು ದಿನ, "ಇದನ್ನ ಹಿಂದೆ ಕೂರಿಸಿದ್ರೆ ನೀನು ತಳ್ಳೋದೇ ಬೇಡ ಕಣೋ" ಅಂದಿದ್ದಳು. ಇಬ್ಬರೂ ಸೇರಿ ಬೋಲ್ಟು ಬಿಚ್ಚುವಾಗ ಅಪ್ಪ ಬಂದರು. ಪಕ್ಷಪಾತವಿಲ್ಲದೆ ಇಬ್ಬರ ಕಿವಿಯನ್ನೂ ಹಿಂಡಿದರು. ಮುಂದೆ ಮನೆ ಪಾಲಾದಾಗ ಚಿಕ್ಕಪ್ಪಂದಿರು ಕಪಾಟು, ಮಂಚ, ಗಡಿಯಾರ ಎಂದು ಹಂಚಿಕೊಳ್ಳುತ್ತಿದ್ದರೆ ಕನ್ನಡಕದವರು ಎಂಜಿನ್ನು ಸಾಕು ಎಂದಿದ್ದರು. ನೆಂಟರಿಷ್ಟರಿಗೆಲ್ಲ ಅದು ಬಹಳ ಕಾಲ ನಗೆಯ ಸರಕಾಯಿತು.

ಹೆಂಡತಿ ಅವರನ್ನು ಮೇಲಿಂದ ಕೆಳಗೆ ನೋಡಿ, ಏನು ಬೇಕಾದರೂ ಮಾಡಿಕೊಳ್ಳಿ, ಮೆಟ್ಟಿಲ ಕೆಳಗೆ ಮಾತ್ರ ಅದು ಇರಕೂಡದು ಎಂದಳು. ಕನ್ನಡಕದವರು ಅದಕ್ಕೆ ನಾಲ್ಕು ಚಕ್ರ ಕೊಡಲು ತೀರ್ಮಾನಿಸಿದರು.

ಗ್ಯಾರೇಜಿನ ವೆಲ್ಡರ್ ಚೌಕ ಪೈಪುಗಳನ್ನು ಬೆಸೆದು ಚೌಕಟ್ಟು ಮಾಡಿಕೊಟ್ಟ. ಇಟ್ಟಿಗೆ ಸಾಗಿಸುವ ಕೈಗಾಡಿಯ ಚಕ್ರಗಳು ಬಂದವು. ಹಿಂದಿನ ಅಚ್ಚಿಗೆ ಸರಪಳಿ, ಎಂಜಿನ್ನು ಜೋರಾದಾಗ ತಾನೇ ಹಿಡಿದುಕೊಳ್ಳುವ ಒಂದು ಕ್ಲಚ್ಚು, ಸರಪಳಿಗೆ ಪ್ಯಾಂಟು ಸಿಕ್ಕದ ಹಾಗೆ ಡಬ್ಬಿ ತಗಡಿನ ಮುಚ್ಚಳ. ದೂರದೂರಿನಲ್ಲಿದ್ದ ಅಕ್ಕ ಫೋನಿನಲ್ಲೇ ಮೇಸ್ತ್ರಿಕೆ ಮಾಡಿದಳು. ಮೊದಲು ಬ್ರೇಕು, ಆಮೇಲೆ ಎಂಜಿನ್ನು ಎಂಬುದು ಅವಳ ಅಪ್ಪಣೆ. ಕನ್ನಡಕದವರು ಸ್ವಭಾವತಃ ಅಂಜುಬುರುಕರಾದ್ದರಿಂದ ಅಪ್ಪಣೆಯನ್ನು ಮೀರಿ ಪಾಲಿಸಿದರು. ಕಾಲು ತೆಗೆದ ಕೂಡಲೇ ಆಕ್ಸಿಲರೇಟರು ಹಿಂದಕ್ಕೆ ಬರಲು ಒಂದರ ಬದಲು ಎರಡು ಸ್ಪ್ರಿಂಗು ಹಾಕಿದರು. ಎಂಜಿನ್ನು ಆರಿಸಲು ಸ್ಟೀರಿಂಗಿನ ಮೇಲೆ ಕೆಂಪು ಸ್ವಿಚ್ಚು. ಗಾಡಿಯನ್ನು ಇಟ್ಟಿಗೆಗಳ ಮೇಲೆ ಎತ್ತಿಟ್ಟು, ಹಿಂದಿನ ಚಕ್ರಗಳು ಗಾಳಿಯಲ್ಲಿ ತಿರುಗುವಂತೆ ಮಾಡಿ ಸಂಜೆಗಳನ್ನು ಕಳೆದರು. ಎಂಜಿನ್ನು ಮೊದಲಿಗೆ ಶೀತವಾದ ಮುದುಕನ ಹಾಗೆ ಕೆಮ್ಮಿತು. ಪ್ಲಗ್ಗು ಬಿಚ್ಚಿದರೆ ಕಾಡಿಗೆಯಷ್ಟು ಕಪ್ಪು. ಪೆಟ್ರೋಲು ಹೆಚ್ಚಾಯಿತೆಂದು ಕಾರ್ಬ್ಯುರೇಟರಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುವುದು, ಕೇಳುವುದು, ಮತ್ತೆ ತಿರುಗಿಸುವುದು. ಕೊನೆಗೊಂದು ಸಂಜೆ ಪ್ಲಗ್ಗು ಕಾಫಿ ಬಣ್ಣಕ್ಕೆ ಬಂತು, ಎಂಜಿನ್ನು ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟಿತು. ಫೋನಿನಲ್ಲಿ ಆ ಸದ್ದು ಕೇಳಿದ ಅಕ್ಕ ಇನ್ನೊಮ್ಮೆ ಕೇಳಿಸು ಎಂದಳು. ಆಮೇಲೆ, "ಅಪ್ಪ ಕೇಳಿಸ್ಕೊಂಡ್ರೆ ಕಿವಿ ಹಿಂಡ್ತಾರೆ" ಅಂದಳು.

ಭಾನುವಾರ ಬೆಳಗ್ಗೆ ಸವಾರಿ. ಬಡಾವಣೆಯ ನಡುವಿನ ಪಾರ್ಕಿನ ಸುತ್ತ ಬಳಸುವ ಒಂದು ರಸ್ತೆಯಿತ್ತು. ಅದರ ಬಾಯಿಗೆ ಹಗ್ಗ ಕಟ್ಟಿ, ಬೇರೆ ವಾಹನ ಬರದಂತೆ ಕಾವಲುಗಾರನನ್ನು ನಿಲ್ಲಿಸಿದರು. ಹೆಲ್ಮೆಟ್ಟು, ಮೊಣಕಾಲಿಗೆ ಪಟ್ಟಿ, ಕೈಗವಸು ಎಲ್ಲ ಹಾಕಿಕೊಂಡ ಕನ್ನಡಕದವರು ಯುದ್ಧಕ್ಕೆ ಹೊರಟ ದಿಂಬಿನ ಹಾಗೆ ಕಾಣುತ್ತಿದ್ದರು. ಹೆಂಡತಿಗೆ ಅಷ್ಟೂ ಸಾಲಲಿಲ್ಲ. ಹಳೇ ಸೂಟ್‌ಕೇಸಿನ ಪಟ್ಟಿ ತಂದು, ಅವರನ್ನು ಸೀಟಿಗೆ ಬಿಗಿದು, ಬೆನ್ನ ಹಿಂದೆ ಗಂಟು ಹಾಕಿದಳು. ಟ್ಯಾಂಕಿಗೆ ಒಂದು ಲೋಟದಷ್ಟೇ ಪೆಟ್ರೋಲು ಸುರಿದವಳೂ ಅವಳೇ.

ಇಷ್ಟರಲ್ಲಿ ಬೀದಿಯ ಅರ್ಧ ಜನ ನೆರೆದಿದ್ದರು. ಎದುರು ಮನೆಯ ನಿವೃತ್ತ ಮ್ಯಾನೇಜರು ಅವರ ಮುಂದಾಳು. ಪಟ್ಟಿ ತರಲು ಗಂಡಹೆಂಡಿರು ಒಳಗೆ ಹೋಗಿದ್ದಾಗ ಅವರು ಗಾಡಿಯಲ್ಲಿ ಕೂತು ಪೆಡಲು ಒತ್ತಿ ನೋಡಿದ್ದರು. ತಮ್ಮ ಕಾಲುನೋವಿಗೆ ಅದು ಬಿಗಿ ಎನಿಸಿತ್ತು. ಒಂದಕ್ಕೆ ಎರಡು ಸ್ಪ್ರಿಂಗು ಯಾಕೆ ದಂಡಕ್ಕೆ ಎಂದು ಒಂದನ್ನು ಕಳಚಿ ಜೇಬಿಗೆ ಹಾಕಿಕೊಂಡರು. ಜೀವನವಿಡೀ ಖರ್ಚು ಕಡಿತ ಮಾಡಿದ ಕೈ ಅದು. ಉಪಕಾರವನ್ನು ಹೇಳಿಕೊಂಡು ತಿರುಗುವ ಅಭ್ಯಾಸ ಅವರಿಗಿರಲಿಲ್ಲ.

ಹೆಂಡತಿ ಹಿಂದಿನಿಂದ ಸ್ಟಾರ್ಟರಿನ ಹಗ್ಗ ಎಳೆದದ್ದೇ ಎಂಜಿನ್ನು ಗುರುಗುಟ್ಟಿತು. ಕನ್ನಡಕದವರು ಮೆಲ್ಲಗೆ ಪೆಡಲು ಒತ್ತಿದರು. ಗಾಡಿ ಹೊರಟಿತು. ಮೂಲೆ ದಾಟಿದ ಮೇಲೆ, ಯಾರೂ ಕಾಣದ ಕಡೆ, ಸ್ವಲ್ಪ ಜೋರಾಗಿ ಒತ್ತಿದರು. ಒಂಟಿಯಾಗಿ ದುಡಿಯುತ್ತಿದ್ದ ಸ್ಪ್ರಿಂಗು ಟಣ್ ಎಂದು ಹಾರಿ ರಸ್ತೆಗೆ ಬಿತ್ತು. ಪೆಡಲು ನೆಲಕ್ಕೆ ಒರಗಿಕೊಂಡಿತು. ಕಾಲು ತೆಗೆದರೂ ಏಳಲಿಲ್ಲ.

ಕೆಂಪು ಸ್ವಿಚ್ಚು ಒತ್ತಿದರು. ಅದರ ತಂತಿ ಅದುರಾಟಕ್ಕೆ ಕಳಚಿಕೊಂಡು ಮೀಸೆಯ ಹಾಗೆ ಕುಣಿಯುತ್ತಿತ್ತು. ಬ್ರೇಕು ಒತ್ತಿದರು. ಗಾಡಿ ನಿಧಾನವಾಯಿತೇ ಹೊರತು ನಿಲ್ಲಲಿಲ್ಲ, ಜೊತೆಗೆ ಸುಟ್ಟ ವಾಸನೆ ಬೇರೆ. ಹಿಂದಕ್ಕೆ ಕೈ ಚಾಚಿ ಪ್ಲಗ್ಗಿನ ತಂತಿ ಕೀಳೋಣವೆಂದರೆ ಹೆಂಡತಿ ಹಾಕಿದ ಗಂಟು ಬಿಡಲಿಲ್ಲ. ಅವಳು ಹಾಕಿದ ಗಂಟನ್ನು ಅವರು ಎಂದೂ ಬಿಡಿಸಿದವರಲ್ಲ.

ಮನೆಯ ಮುಂದೆ ಬಂದಾಗ ಹೆಂಡತಿ ಗೇಟಿನಲ್ಲಿದ್ದಳು. "ಸಾಕು, ನಿಲ್ರಿ ಇನ್ನು. ತಿಂಡಿ ಆರಿ ಹೋಗ್ತಿದೆ."

ಕನ್ನಡಕದವರು ಹೆಲ್ಮೆಟ್ಟಿನೊಳಗಿಂದ ಕೂಗಿದರು. "ನಿಲ್ಲಲ್ಲ."

ಗಾಡಿ ನಿಲ್ಲಲ್ಲ ಎಂಬುದು ಅವರ ಅರ್ಥ. ಗಾಡಿ ಎನ್ನಲು ಪುರುಸೊತ್ತಿರಲಿಲ್ಲ, ಅಷ್ಟರಲ್ಲಿ ಮ್ಯಾನೇಜರ ಗೇಟೂ ಹಿಂದಾಯಿತು. ಬೀದಿಯವರು ಬೇರೆಯದೇ ಅರ್ಥ ಮಾಡಿಕೊಂಡರು.

ಎರಡನೇ ಸುತ್ತಿಗೆ ಹೆಂಡತಿ ಗೇಟು ದಾಟಿ ರಸ್ತೆಯ ಅಂಚಿಗೆ ಬಂದಿದ್ದಳು. "ಏನಂದ್ರಿ?"

"ನಿಲ್ಲಲ್ಲ ಅಂದೆ."

ಮೂರನೇ ಸುತ್ತಿಗೆ ಅವಳ ಕೈ ಸೊಂಟದ ಮೇಲಿತ್ತು. "ಹೇಳ್ತಿರೋದು ನಾನು ಅಂತ ಗೊತ್ತಿದೆ ತಾನೆ?"

"ಯಾರು ಹೇಳಿದ್ರೂ ನಿಲ್ಲಲ್ಲ."

ಮ್ಯಾನೇಜರು ಭಾವಾವೇಶದಿಂದ ಚಪ್ಪಾಳೆ ತಟ್ಟಲು ಹೋಗಿ, ತಮ್ಮ ಹೆಂಡತಿ ಪಕ್ಕದಲ್ಲೇ ಇದ್ದದ್ದು ನೆನಪಾಗಿ ಕೈಯನ್ನು ಒರೆಸಿಕೊಂಡವರಂತೆ ನಟಿಸಿದರು. ಮೂಲೆ ಮನೆಯ ದರ್ಜಿ ಮಾತ್ರ ಕಣ್ಣಲ್ಲಿ ನೀರು ತುಂಬಿಕೊಂಡ. ಇಂಥದ್ದೊಂದು ದಿನವನ್ನು ಬದುಕಿರುವಾಗ ನೋಡುತ್ತೇನೆಂದು ಅವನು ಎಣಿಸಿರಲಿಲ್ಲವಂತೆ.

ಅಲ್ಲಿಂದ ಮುಂದೆ ಕನ್ನಡಕದವರು ಕೂಗುವುದನ್ನು ಬಿಟ್ಟರು. ಕೂಗಿದಷ್ಟೂ ಕೆಡುತ್ತಿತ್ತು. ಅಪಾಯದ ಮೂಲೆಗಳಲ್ಲಿ ಯಾರೋ ಹಾಸಿಗೆಗಳನ್ನು ತಂದು ಒರಗಿಸಿದ್ದು ಕಂಡಿತು. ಭಾನುವಾರವಲ್ಲವೇ, ಬಿಸಿಲಿಗೆ ಹಾಕಿರಬೇಕು ಎಂದುಕೊಂಡರು. ಗಾಡಿ ಸೈಕಲ್ಲಿಗಿಂತ ತುಸು ಜೋರಾಗಿ ಓಡುತ್ತಿತ್ತು. ಆದರೆ ನೆಲಕ್ಕೆ ಅಂಟಿ ಕೂತವನಿಗೆ ಅದೇ ವಿಮಾನ. ತಿರುವಿನಲ್ಲಿ ಮೈ ಒಳಕ್ಕೆ ವಾಲಿಸಬೇಕೆಂಬುದು ಯಾರೂ ಹೇಳದೆ ಮೈಗೆ ನೆನಪಾಯಿತು. ಪೆಟ್ರೋಲಿನ ವಾಸನೆ, ಕಿವಿಯ ಬಳಿ ಶಿಳ್ಳೆ ಹಾಕುವ ಗಾಳಿ, ತೊಡೆಗೆ ಬಡಿಯುವ ಅದುರಾಟ. ಬೇಲಿಯ ಕಂಬಗಳು ಒಂದರ ಹಿಂದೊಂದು ಓಡಿ ಹೋಗುತ್ತಿದ್ದವು, ಶಾಲೆಯ ಇಳಿಜಾರಿನ ಕಂಬಗಳ ಹಾಗೆ. ಒಂದೇ ವ್ಯತ್ಯಾಸ. ಇಲ್ಲಿ ಇಳಿಜಾರು ಮುಗಿಯುತ್ತಿರಲಿಲ್ಲ. ಮತ್ತೆ ಮೇಲಕ್ಕೆ ಎಳೆದುಕೊಂಡು ಹೋಗುವ ಕೆಲಸವಿರಲಿಲ್ಲ. ಎದುರಿಗೆ ಅಕ್ಕನ ಎರಡು ಜಡೆ ಹಾರುತ್ತಿರಬೇಕಿತ್ತು ಅನ್ನಿಸಿತು. ಎಷ್ಟನೆಯದೋ ಸುತ್ತಿನಲ್ಲಿ ತಾನು ನಗುತ್ತಿದ್ದೇನೆ ಎಂಬುದು ಅವರಿಗೆ ಗೊತ್ತಾಯಿತು. ಹೆಲ್ಮೆಟ್ಟಿನ ಗಾಜು ಮಸುಕಾಗಿತ್ತು. ಅದು ಉಸಿರಿಗೋ ಕಣ್ಣಿಗೋ, ನೋಡಿಕೊಳ್ಳಲು ಕೈ ಖಾಲಿಯಿರಲಿಲ್ಲ.

ಪೆಟ್ರೋಲು ಮುಗಿಯಿತು. ಎಂಜಿನ್ನು ಎರಡು ಸಲ ಸೀನಿ, ಸಂಗೀತದ ಟೀಚರ ಮನೆಯೆದುರು ಸುಮ್ಮನಾಯಿತು.

ಗಂಡಸರೆಲ್ಲ ಓಡಿ ಬಂದರು. ದರ್ಜಿ ತನ್ನ ಕತ್ತರಿಯಿಂದಲೇ ಪಟ್ಟಿ ಕತ್ತರಿಸಿದ. ಕನ್ನಡಕದವರು, ನಿಜವಾಗಿ ಆದದ್ದೇನೆಂದರೆ ಎಂದು ಶುರುಮಾಡಿದರು. ಆದರೆ ಅಷ್ಟರಲ್ಲಿ ಕೈ ಕುಲುಕುವವರ ಸಾಲು ಬೆಳೆದಿತ್ತು. "ನಮ್ಮೆಲ್ಲರ ಪರವಾಗಿ ಮಾತಾಡಿದ್ರಿ ನೀವು" ಎಂದ ದರ್ಜಿ. ಹೊಗಳಿಕೆ ಕನ್ನಡಕದವರಿಗೆ ಅಭ್ಯಾಸವಿಲ್ಲದ ಪದಾರ್ಥ. ನಿಜವನ್ನು ನಾಳೆ ಹೇಳಿದರಾಯಿತು ಎಂದು ನುಂಗಿಕೊಂಡರು.

ಆಗ ಮ್ಯಾನೇಜರು ಗಂಟಲು ಸರಿಮಾಡಿಕೊಂಡು ಶುಭಸುದ್ದಿ ಕೊಟ್ಟರು. ಬಡಾವಣೆಯ ಸಂಘಕ್ಕೆ ಇಷ್ಟು ವರ್ಷ ಕನ್ನಡಕದವರ ಹೆಂಡತಿಯೇ ಅಧ್ಯಕ್ಷೆ. ನೀರು ಬಿಡುವವನಿಂದ ಹಿಡಿದು ಕಸದವನ ತನಕ ಎಲ್ಲರ ಜೊತೆ ಜಗಳ ಅವಳ ಪಾಲಿಗೇ. ಈ ದಿನ, ಗಾಡಿ ಐದನೆಯದೋ ಆರನೆಯದೋ ಸುತ್ತಿನಲ್ಲಿದ್ದಾಗ, ಅವಳು ರಸ್ತೆಯ ಅಂಚಿನಲ್ಲೇ ರಾಜೀನಾಮೆ ಕೊಟ್ಟು, ನನ್ನ ಮಾತಿಗೂ ಬಗ್ಗದ ಮನುಷ್ಯನೇ ಈ ಜಾಗಕ್ಕೆ ಸರಿ ಎಂದು ಗಂಡನ ಹೆಸರು ಸೂಚಿಸಿದ್ದಳು. ಮುಂದಿನ ಸುತ್ತು ಬರುವುದರೊಳಗೆ ಎಲ್ಲರೂ ಒಪ್ಪಿ ಕೈ ಎತ್ತಿಯಾಗಿತ್ತು. ಕೈ ಎತ್ತಿದ್ದನ್ನು ಕಂಡ ಕನ್ನಡಕದವರು ತಮ್ಮನ್ನು ಹುರಿದುಂಬಿಸುತ್ತಿದ್ದಾರೆಂದು ತಲೆಯಾಡಿಸಿದ್ದರು. ಅದನ್ನೇ ಸಮ್ಮತಿ ಎಂದು ತೆಗೆದುಕೊಳ್ಳಲಾಗಿತ್ತು.

ಅವರು ಬಾಯಿ ತೆರೆಯುವುದರೊಳಗೆ ಸಂಗೀತದ ಟೀಚರು ಹೊಸ ಅಧ್ಯಕ್ಷರಿಗೆ ಮೊದಲ ದೂರು ಸಲ್ಲಿಸಿದರು. ಪಾರ್ಕಿನ ರಸ್ತೆಯಲ್ಲಿ ಯಾರೋ ಒಬ್ಬರು ಬೆಳಗ್ಗಿನಿಂದ ಗಾಡಿ ಓಡಿಸಿ ತಮ್ಮ ಪಾಠ ಕೆಡಿಸಿದ್ದಾರೆ. ಶಿಷ್ಯೆಯರೆಲ್ಲ ಎಂಜಿನ್ನಿನ ಶ್ರುತಿಗೇ ಹಾಡತೊಡಗಿದ್ದಾರೆ. ಅಧ್ಯಕ್ಷರು ಏನು ಕ್ರಮ ತೆಗೆದುಕೊಳ್ಳುತ್ತಾರೆ ಎಂದು ಕೇಳಿದರು. ಎಲ್ಲರೂ ಅಧ್ಯಕ್ಷರ ಮುಖ ನೋಡಿದರು. ಇನ್ನು ಮುಂದೆ ಈ ರಸ್ತೆಯಲ್ಲಿ ಅಂಥ ಗಾಡಿ ಓಡಿಸಕೂಡದು ಎಂದು ಕನ್ನಡಕದವರು ತಮ್ಮ ಬಾಯಾರೆ ತೀರ್ಪು ಕೊಟ್ಟು, ಅಂಥ ಗಾಡಿಯನ್ನು ತಾವೇ ಮನೆಯವರೆಗೆ ತಳ್ಳಿಕೊಂಡು ಹೋದರು.

ಹೆಂಡತಿ ತಿಂಡಿಯನ್ನು ಮತ್ತೆ ಬಿಸಿ ಮಾಡುತ್ತಿದ್ದಳು. ಸಿಟ್ಟಿನ ಸುಳಿವೇ ಇರಲಿಲ್ಲ. ಅದು ಅವರಿಗೆ ಇನ್ನೂ ಹೆದರಿಕೆ ತಂದಿತು. ನಿಜ ಹೇಳಿದರೆ ಮರ್ಯಾದೆ ಹೋದರೂ ಪದವಿಯೂ ಹೋಗುತ್ತದೆಂದು ಧೈರ್ಯ ಮಾಡಿದರು.

"ನೋಡು, ನಾನು ನಿಲ್ಲಲ್ಲ ಅಂದಿದ್ದಲ್ಲ ಅದು. ಗಾಡಿ ನಿಲ್ಲಲ್ಲ ಅಂದಿದ್ದು. ಸ್ಪ್ರಿಂಗು ಹಾರಿಹೋಗಿತ್ತು."

"ಗೊತ್ತು" ಎಂದಳು ಹೆಂಡತಿ, ತಟ್ಟೆ ಮುಂದಿಡುತ್ತ. "ಬ್ರೇಕು ಸುಟ್ಟ ವಾಸನೆ ಬಂತಲ್ಲ, ಎರಡನೇ ಸುತ್ತಿಗೇ ಗೊತ್ತಾಯ್ತು. ಇಲ್ದಿದ್ರೆ ಮನೆ ಹಾಸಿಗೆಯೆಲ್ಲ ಹೊತ್ಕೊಂಡು ಹೋಗಿ ಮೂಲೆಮೂಲೇಲಿ ಯಾಕೆ ಇಡ್ತಿದ್ದೆ? ಒಂದು ಲೋಟ ಪೆಟ್ರೋಲು ಎಷ್ಟು ಹೊತ್ತು ಓಡುತ್ತೆ, ಅಷ್ಟರಲ್ಲಿ ಏನೂ ಆಗಲ್ಲ ಅಂತ ಧೈರ್ಯವಿತ್ತು."

"ಗೊತ್ತಿದ್ದೂ ಮತ್ಯಾಕೆ..."

"ಆ ಅಧ್ಯಕ್ಷಗಿರಿ ಬಿಡೋಕೆ ಎಷ್ಟು ವರ್ಷದಿಂದ ಒದ್ದಾಡ್ತಿದ್ದೆ ನಾನು. ಯಾರೂ ತಗೊಳ್ಳೋಕೆ ತಯಾರಿರ್ಲಿಲ್ಲ. ಇಂಥ ಅವಕಾಶ ಇನ್ನೊಂದು ಸಲ ಬರ್ತಿತ್ತಾ?"

ಕನ್ನಡಕದವರು ತುತ್ತನ್ನು ಬಾಯಿಗಿಡುವಷ್ಟರಲ್ಲಿ ಗೇಟಿನ ಹತ್ತಿರ ನಾಲ್ಕೈದು ದನಿಗಳು ಒಟ್ಟಿಗೇ ಕೇಳಿಸಿದವು. ಮೇಲಿನ ಸಾಲಿನ ಮನೆಗಳಿಗೆ ನೀರು ಬಂದಿಲ್ಲವಂತೆ. ಅವರು ಅಭ್ಯಾಸಬಲದಿಂದ ಹೆಂಡತಿಯ ಮುಖ ನೋಡಿದರು. ಅವಳು ಆರಾಮಾಗಿ ಕಾಲು ನೀಡಿ ಕೂತಿದ್ದಳು.

"ಹೋಗಿ, ಅಧ್ಯಕ್ಷರೇ" ಎಂದಳು. "ಕರೀತಿರೋದು ನಿಮ್ಮನ್ನೇ."