ಆರೂವರೆಯ ಹೊಗೆ

ಜುಲೈ ತಿಂಗಳ ಎರಡನೆಯ ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಸ್ಥಳ: ಹೊನ್ನಾವರ ತಾಲೂಕಿನ ನಮ್ಮೂರ ಗ್ರಾಮಸಭೆ. ಹಾಜರಿದ್ದವರು: ಪಂಚಾಯತಿ ಅಧ್ಯಕ್ಷೆ, ಕಾರ್ಯದರ್ಶಿ, ಕೆಲವು ಸದಸ್ಯರು, ಒದ್ದೆ ಕೊಡೆಗಳನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದ ಮೂವತ್ತರಷ್ಟು ಊರವರು, ನಾನು ಮತ್ತು ನನ್ನ ಅಕ್ಕ. ನೋಟೀಸಿನಲ್ಲಿ ಹತ್ತು ಗಂಟೆ ಎಂದಿತ್ತು. ಹತ್ತು ನಿಮಿಷ ತಡ. ಬಸ್ ನಿಲ್ದಾಣದ ಕಂಟ್ರೋಲರ್ ಕುರ್ಚಿಯಲ್ಲಿ ಮೂವತ್ತೆರಡು ವರ್ಷ ಕುಳಿತು, ಬಸ್ಸು ಬಂದ ಹೊತ್ತು, ಬಿಟ್ಟ ಹೊತ್ತು ಬರೆದವನು ನಾನು. ಇಂಥದ್ದು ಕಣ್ಣಿಗೆ ಬಿದ್ದರೆ ಕೈ ತಾನಾಗಿ ಕಿಸೆಯ ಪುಸ್ತಕಕ್ಕೆ ಹೋಗುತ್ತದೆ. ಬರೆದುಕೊಂಡೆ.

ಇನ್ನು ಅಕ್ಕನ ವಿಷಯ. ಭಟ್ಕಳದಿಂದ ಕುಮಟಾದವರೆಗೆ ನನ್ನ ಅಕ್ಕ ಹೊಕ್ಕಷ್ಟು ಮಲಗುವ ಕೋಣೆಗಳನ್ನು ಯಾವ ಕಳ್ಳನೂ ಹೊಕ್ಕಿರಲಾರ. ಕಳ್ಳನಾದರೋ ಕತ್ತಲಾಗಲೆಂದು ಕಾಯುತ್ತಾನೆ. ಅಕ್ಕ ಹಾಡಹಗಲೇ ಬಾಗಿಲು ತಟ್ಟಿ, "ನಿಮ್ಮನೆ ಹಾಸಿಗೆ ಒಂಚೂರು ಎತ್ತಿ ನೋಡ್ಬೇಕಿತ್ತು" ಎನ್ನುತ್ತಾಳೆ. ಆಶ್ಚರ್ಯವೆಂದರೆ, ಜನ ಎತ್ತಿ ತೋರಿಸುತ್ತಾರೆ!

ಅವಳು ಡಾಕ್ಟರಲ್ಲ, ನರ್ಸೂ ಅಲ್ಲ. ಕುಮಟಾದಲ್ಲಿ ಒಬ್ಬ ಮಕ್ಕಳ ಡಾಕ್ಟರರ ಬಳಿ ಮೂವತ್ತು ವರ್ಷ ಚೀಟಿ ಬರೆದವಳು. ಪ್ರತಿ ಮಳೆಗಾಲವೂ ಅವೇ ಮಕ್ಕಳು, ಅದೇ ದಮ್ಮು, ಎದೆಯೊಳಗೆ ಅದೇ ಸಿಳ್ಳೆ. ಡಾಕ್ಟರರು ಒಮ್ಮೆ ಬೇಸತ್ತು, "ಔಷಧಿ ನಾನು ಕೊಡ್ತೇನೆ. ಇವರ ಮನೆಯೊಳಗೆ ಎಂತ ಅದೆ ಅಂತ ನೋಡುವವರು ಯಾರು?" ಎಂದರಂತೆ. ಅವರು ಹೇಳಿದ್ದು ಗಾಳಿಗೆ. ಅಕ್ಕ ಅದನ್ನು ತನಗೆ ಬಂದ ಆರ್ಡರು ಎಂದು ತಿಳಿದಳು. ನಿವೃತ್ತಿಯಾದ ಮರುದಿನವೇ ಚೀಲ ಹೆಗಲಿಗೇರಿತು. ಚೀಲದೊಳಗೆ ಒಂದು ಟಾರ್ಚು, ಒಂದು ಬಿಳಿ ಕರವಸ್ತ್ರ, ಮನೆಗಳಿಗೆ ಹತ್ತರಲ್ಲಿ ಅಂಕ ಕೊಡುವ ಒಂದು ನೋಟುಬುಕ್ಕು. ಬಸ್ಸು ಹೆಂಗಸರಿಗೆ ಪುಕ್ಕಟೆಯಾದ ಮೇಲಂತೂ ಮೂರು ತಾಲೂಕುಗಳೂ ಅವಳ ಅಂಗಳವೇ ಆಗಿಬಿಟ್ಟವು.

ಮಾವಳ್ಳಿಯಲ್ಲಿ ಒಬ್ಬ ಮೀನುಗಾರನ ಮನೆ. ಮಗುವಿಗೆ ದಮ್ಮು. ಅಕ್ಕ ಹಾಸಿಗೆ ಎತ್ತಿದಳು. ಬೂಷ್ಟು ಸಿಗಲಿಲ್ಲ, ತಿಗಣೆ ಸಿಗಲಿಲ್ಲ, ನಾಲ್ಕು ಕಟ್ಟು ಬೀಡಿ ಸಿಕ್ಕಿತು. ಗಂಡ ಬೀಡಿ ಬಿಟ್ಟು ಎರಡು ವರ್ಷವಾಯಿತೆಂದು ಹೆಂಡತಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಮುಂದಿನದನ್ನು ಅಕ್ಕ ನನಗೆ ಪೂರ್ತಿ ಹೇಳಲಿಲ್ಲ. ವಾರದ ಮೇಲೆ ಆ ಮೀನುಗಾರ ಬಸ್ ನಿಲ್ದಾಣದಲ್ಲಿ ಅವಳನ್ನು ಕಂಡು ಹತ್ತಿರ ಬಂದ. "ಅಮ್ಮಾ, ನೀವು ಬರೂದು ಬೇಡ ಹೇಳೂದಿಲ್ಲ. ಬರೂಕಿಂತ ಮುಂಚೆ ನಂಗೊಂದು ಫೋನ್ ಮಾಡಿ, ಸಾಕು" ಎಂದು ಕೈ ಮುಗಿದನಂತೆ.

ಭಟ್ಕಳದಲ್ಲಿ ಒಂದು ನವಾಯತ ಮುಸ್ಲಿಮರ ಮನೆಯ ಅಜ್ಜಿ ಅಷ್ಟು ಸುಲಭಕ್ಕೆ ಸಿಗುವವರಾಗಿರಲಿಲ್ಲ. ಸಂಜೆಯಾದರೆ ಮನೆಯೆಲ್ಲ ಲೋಬಾನದ ಹೊಗೆ. ಮೊಮ್ಮಗನಿಗೆ ಕೆಮ್ಮು. "ಲೋಬಾನ ಹಾಕ್ಬೇಡಿ ಹೇಳೂಕೆ ಬಂದದ್ದಾ? ನಿಮ್ಮನೆ ದೇವರ ಕೋಣೇಲಿ ಊದಬತ್ತಿ ಹಚ್ಚೂದಿಲ್ವಾ?" ಎಂದು ಅಜ್ಜಿ ಕೇಳಿದರು. ಅಕ್ಕ ಎಳ್ಳಷ್ಟೂ ತಬ್ಬಿಬ್ಬಾಗಲಿಲ್ಲ. "ಹಚ್ತೆ. ಆದ್ರೆ ಹೊರಗೆ ತುಳಸಿ ಹತ್ರ. ದೇವರಿಗೆ ಎಷ್ಟು ದೂರ ಇದ್ರೂ ವಾಸನೆ ಮುಟ್ತದೆ, ಮಗೂಗೆ ಹತ್ರ ಇದ್ರೆ ಉಸಿರೇ ಮುಟ್ಟೂದಿಲ್ಲ." ಅಜ್ಜಿ ಚಹಾ ತರಿಸಿದರು. ಅಂದಿನಿಂದ ಲೋಬಾನದ ಬಟ್ಟಲು ಅಂಗಳದಲ್ಲಿ. ಅಕ್ಕ ಭಟ್ಕಳಕ್ಕೆ ಹೋದಾಗಲೆಲ್ಲ ಆ ಮನೆಯಲ್ಲಿ ಚಹಾ ಕುಡಿಯದೆ ಬಸ್ಸು ಹತ್ತುವಂತಿಲ್ಲ.

ಮಳೆಗಾಲದಲ್ಲಿ ಅಕ್ಕ ಶಾಲೆಗಳ ಮೇಲೆ ದಾಳಿ ಮಾಡುತ್ತಾಳೆ. ನಮ್ಮ ಕಡೆ ಮಳೆ ಹಿಡಿದರೆ ಬಟ್ಟೆ ಒಣಗುವುದು ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲೇ ತಾನೆ? ಮಕ್ಕಳ ಸಮವಸ್ತ್ರವೂ ಅಲ್ಲಿಯೇ. ಅಕ್ಕ ಸಾಲಾಗಿ ನಿಂತ ಮಕ್ಕಳ ಅಂಗಿಯ ಕೊರಳು ಮೂಸುತ್ತ ಹೋಗುತ್ತಾಳೆ. "ನಿಮ್ಮನೇಲಿ ತೆಂಗಿನ ಸಿಪ್ಪೆ. ನಿಮ್ಮನೇಲಿ ಹಸಿ ಕಟ್ಟಿಗೆ. ನಿಮ್ಮಮ್ಮ ನಿನ್ನೆ ಪ್ಲಾಸ್ಟಿಕ್ ಚೀಲ ಹಾಕಿ ಬೆಂಕಿ ಹೊತ್ತಿಸಿದ್ಲಾ ಇಲ್ವಾ?" ಮಕ್ಕಳು ಅವಳನ್ನು ಮಂತ್ರವಾದಿಯೆಂದೇ ತಿಳಿದಿವೆ. ಒಲೆಯ ಹೊಗೆ ರಾತ್ರಿ ಮಗುವಿನ ಪಕ್ಕ ಮಲಗಿದ್ದು ಸಾಲದೆಂದು ಹಗಲು ಅಂಗಿಯೊಳಗೆ ಕುಳಿತು ಶಾಲೆಗೂ ಹೋಗುತ್ತದೆ ಎಂಬುದು ಅವಳು ಹೇಳುವವರೆಗೆ ನನಗೂ ಹೊಳೆದಿರಲಿಲ್ಲ.

ಒಂದು ಶಾಲೆಯಲ್ಲಿ ದಮ್ಮಿನ ಹುಡುಗಿಯ ಪಂಪನ್ನು, ಅಂದರೆ ಬಾಯಿಗಿಟ್ಟು ಔಷಧಿ ಎಳೆದುಕೊಳ್ಳುವ ಆ ಸಣ್ಣ ಸಾಧನವನ್ನು, ಹೆಡ್‌ಮಾಸ್ತರರು ತಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಔಷಧಿ ಮಕ್ಕಳ ಕೈಯಲ್ಲಿರಬಾರದು ಎಂಬ ಶಿಸ್ತು. ಅವರು ಮೀಟಿಂಗಿಗೆ ಹೋದರೆ ಬೀಗದ ಕೈಯೂ ಅವರ ಜೊತೆ ಮೀಟಿಂಗಿಗೆ. ಅಕ್ಕ ವಾದ ಮಾಡಲಿಲ್ಲ. ಮೇಜಿನ ಮೇಲಿದ್ದ ಅವರ ಕನ್ನಡಕವನ್ನು ಅದೇ ಕಪಾಟಿನಲ್ಲಿಟ್ಟು, ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇದೆಂತ ಅಮ್ಮಾ? ನಂಗೆ ಹಾಜರಿ ಬರೀಬೇಕು."

"ಬೇಕಾದಾಗ ಕೇಳಿ ಸರ್, ಕೊಡ್ತೆ. ನಾ ಈಗ ಚಹಾ ಕುಡ್ಕಂಡು ಬತ್ತೆ."

ಅವಳು ಹಿಂದಿರುಗುವಷ್ಟರಲ್ಲಿ ಪಂಪು ಹುಡುಗಿಯ ಚೀಲಕ್ಕೆ ಹೋಗಬೇಕೆಂದು ತೀರ್ಮಾನವಾಗಿತ್ತು. ಶಿಸ್ತಿನ ಮನುಷ್ಯನಾದ ನನಗೆ ಹೆಡ್‌ಮಾಸ್ತರರ ಮೇಲೆ ಕನಿಕರವೇ ಹುಟ್ಟಿತು. ನನ್ನ ಸರದಿ ಬರಲಿದೆಯೆಂದು ಆಗ ಗೊತ್ತಿರಲಿಲ್ಲ.

ಜೂನ್ ತಿಂಗಳಲ್ಲಿ ಅಕ್ಕ ನನ್ನ ಮನೆಯನ್ನೇ ಪರೀಕ್ಷಿಸಲು ಬಂದಳು. ಎರಡನೆಯ ಕ್ಲಾಸಿನ ನನ್ನ ಮೊಮ್ಮಗಳಿಗೆ ಮಳೆ ಶುರುವಾದರೆ ಉಬ್ಬಸ. ಸೊಸೆ ಡಾಕ್ಟರು ಹೇಳಿದಂತೆ ಪಂಪು ಕೊಡುತ್ತಿದ್ದಳು, ಆದರೂ ಕೆಮ್ಮು ಬಿಟ್ಟಿರಲಿಲ್ಲ. ನನಗೆ ಪರೀಕ್ಷೆಯ ಭಯವೇನೂ ಇರಲಿಲ್ಲ. ಐದಕ್ಕೆ ತಣ್ಣೀರು ಸ್ನಾನ, ಐದೂವರೆಗೆ ಕಸ ಗುಡಿಸುವುದು, ಶನಿವಾರ ಕಪಾಟಿನ ಮೇಲಿನ ಧೂಳು, ಭಾನುವಾರ ಹಾಸಿಗೆಗೆ ಬಿಸಿಲು, ಬಿಸಿಲಿದ್ದರೆ. ಇಂಥ ಮನೆಗೆ ಹತ್ತಕ್ಕೆ ಹತ್ತು ಸಿಗದೆ ಇನ್ನಾರಿಗೆ ಸಿಗಬೇಕು?

ಅಕ್ಕ ಕಪಾಟಿನ ಮೇಲೆ ಕರವಸ್ತ್ರ ಎಳೆದಳು. ಬೆಳ್ಳಗೇ ಬಂತು. ಮಂಚದಡಿ ಟಾರ್ಚು ಬಿಟ್ಟಳು. ಏನೂ ಇಲ್ಲ. ನಾನು ಮೀಸೆಯಡಿಯಲ್ಲಿ ನಗುತ್ತಿದ್ದೆ. ಅಷ್ಟರಲ್ಲಿ ಸಂಜೆ ಆರು ಇಪ್ಪತ್ತೈದಾಯಿತು. ನಾನೆದ್ದು ನಿತ್ಯದಂತೆ ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿದೆ. ಆರೂವರೆಗೆ ಸರಿಯಾಗಿ ತೆಂಗಿನ ಸಿಪ್ಪೆಯ ಕೆಂಡಕ್ಕೆ ಧೂಪ ಉದುರಿಸಿ, ಹೊಗೆಯ ಬಟ್ಟಲು ಹಿಡಿದು ಪ್ರತಿ ಕೋಣೆಗೂ ಹೋದೆ. ಸೊಳ್ಳೆಗೂ ಆಯಿತು, ಶೀತಕ್ಕೂ ಆಯಿತು. ಮೊಮ್ಮಗಳ ಮಂಚಕ್ಕೆ ವಿಶೇಷವಾಗಿ ಮೂರು ಸುತ್ತು. ಮೂರನೆಯ ಸುತ್ತಿಗೆ ಹುಡುಗಿ ಕೆಮ್ಮಿದಳು. ಅಕ್ಕ ನೋಟುಬುಕ್ಕಿನಲ್ಲಿ ಬರೆದು ನನ್ನತ್ತ ತಿರುಗಿಸಿದಳು. ಎರಡು.

"ಎರಡಾ? ಆ ಮಾವಳ್ಳಿ ಬೀಡಿಯವಂಗೆ ಐದು ಕೊಟ್ಟಿದ್ದೆ ನೀನು!"

"ಅಂವ ಹೊರಗೆ ಹೋಗಿ ಸೇದ್ತ ಮಾರಾಯ."

ನನಗೆ ಸಿಟ್ಟು ಬಂತು. "ಅಕ್ಕಾ, ಸಣ್ಣಂವ ಇರ್ಬೇಕಾರೆ ನಂಗೂ ದಮ್ಮು ಇತ್ತಲ್ಲ. ಅಜ್ಜಿ ಇದೇ ಹೊಗೆ ಹಾಕಿ ಅಲ್ವಾ ಗುಣ ಮಾಡಿದ್ದು? ಆಮೇಲೆ ಅಪ್ಪ ತಣ್ಣೀರು ಸ್ನಾನ ಹಿಡಿಸಿದ. ಹೊಗೆ, ತಣ್ಣೀರು, ಶಿಸ್ತು. ಇವತ್ತಿಗೂ ನಂಗೆ ಒಂದು ಕೆಮ್ಮಿಲ್ಲ."

ಎಲ್ಲದಕ್ಕೂ ಉತ್ತರವಿರುವ ಅಕ್ಕ ನೋಟುಬುಕ್ಕು ಮುಚ್ಚಿದಳು. "ಆತು, ನಾ ಬತ್ತೆ" ಎಂದು ಎದ್ದಳು. ಚಹಾ ಅರ್ಧ ಲೋಟ ಹಾಗೆಯೇ ಉಳಿದಿತ್ತು. "ಎಂತ ಹೇಳಿದ್ರಿ ಅವರಿಗೆ?" ಎಂದು ನನ್ನ ಹೆಂಡತಿ ಕೇಳಿದಳು. ಇದ್ದದ್ದನ್ನೇ ಹೇಳಿದೆ ಎಂದೆ. ಮರುದಿನವೂ ಆರೂವರೆಗೆ ಹೊಗೆ ಹಾಕಿದೆ. ಅದರ ಮರುದಿನವೂ.

ಜುಲೈಯಲ್ಲಿ ಅವಳು ತಿರುಗಿ ಬಂದಳು. ಹೊಗೆಯ ಮಾತೆತ್ತಲಿಲ್ಲ. "ಗ್ರಾಮಸಭೆಗೆ ನೀ ಬಾ. ನನ್ನ ಅರ್ಜಿ ಪ್ರತಿ ಸಲವೂ ಕಡೆಗೆ, 'ಇತರೆ ವಿಷಯ'ದಲ್ಲಿ ಬತ್ತದೆ. ಅಷ್ಟೊತ್ತಿಗೆ ಮಂದಿಯೆಲ್ಲ ಊಟಕ್ಕೆ ಎದ್ದು ಹೋಗ್ತ್ರು. ನೀ ಬಾಗಿಲ ಹತ್ರ ಗಡಿಯಾರ ನೋಡ್ತಾ ನಿಂತ್ರೆ ಯಾರೂ ಏಳೂದಿಲ್ಲ."

ಹಾಗೆ ನಾನು ಆ ಸೋಮವಾರ ಅಲ್ಲಿದ್ದದ್ದು. ರಸ್ತೆ, ಚರಂಡಿ, ಬೀದಿದೀಪ ಎಲ್ಲ ಮುಗಿದು ಇತರೆ ವಿಷಯ ಬಂದಾಗ ಹನ್ನೆರಡು ನಲವತ್ತು. ಕೊಡೆಗಳು ಅಲ್ಲಾಡತೊಡಗಿದವು. ನಾನು ಬಾಗಿಲಿಗೆ ಹೋಗಿ ನಿಂತು, ನಿಲ್ದಾಣದ ದನಿಯಲ್ಲೇ ಹೇಳಿದೆ: "ಇನ್ನೂ ಬಿಡುವ ಹೊತ್ತಾಗಲಿಲ್ಲ." ಎದ್ದವರು ಕುಳಿತರು. ಹಳೆಯ ಪ್ರಯಾಣಿಕರಲ್ಲವೇ.

ಅಕ್ಕ ಎದ್ದಳು. ಅವಳು ಕೇಳಿದ್ದು ದೊಡ್ಡದೇನಲ್ಲ. ದಮ್ಮಿನ ಮಕ್ಕಳಿರುವ ಮನೆಗಳಿಗೆ ಮಳೆಗೆ ಮುಂಚೆ ಒಮ್ಮೆ, ಮಳೆಯಲ್ಲಿ ಒಮ್ಮೆ ಹೋಗಿ ಒಲೆ, ಹಾಸಿಗೆ, ಗೋಡೆಯ ಬೂಷ್ಟು ನೋಡಿ ತಿಳಿಸಿ ಹೇಳಲು ಊರಿನ ಒಬ್ಬ ಹೆಂಗಸಿಗೆ ತರಬೇತಿ ಕೊಡಬೇಕು. ಅವಳಿಗೆ ಸರಕಾರಿ ಹಣದಿಂದ ಸಂಬಳ ಸಿಗಬೇಕು. ಶಾಲೆಯಲ್ಲಿ ತಿಂಗಳಿಗೊಮ್ಮೆ ತಾಯಂದಿರಿಗೂ ಮಾಸ್ತರರಿಗೂ ದಮ್ಮಿನ ಪಾಠವಾಗಬೇಕು.

ಒಬ್ಬ ಸದಸ್ಯರು ನಕ್ಕರು. "ಅಮ್ಮಾ, ಚರಂಡಿ ಹೂಳು ಎತ್ತೂಕೇ ದುಡ್ಡು ಸಾಲೂದಿಲ್ಲ. ಮಂದಿ ಮನೆ ಹಾಸಿಗೆ ಎತ್ತೂಕೆ ಪಂಚಾಯತಿ ದುಡ್ಡಾ?"

"ಚರಂಡಿ ಮನೆ ಹೊರಗೆ ಅದೆ. ಹಾಸಿಗೆ ಮಗೂ ಮೂಗಿನ ಕೆಳಗೇ ಅದೆ."

"ನೀವು ಹ್ಯಾಂಗೂ ಪುಕ್ಕಟೆ ಮಾಡ್ತಾ ಇದ್ರಿ. ಮಾಡಿ, ಯಾರು ಬೇಡ ಹೇಳ್ತ್ರು?"

"ನಂಗೆ ಎಪ್ಪತ್ತಾರು" ಎಂದಳು ಅಕ್ಕ. "ಪುಕ್ಕಟೆ ಕೆಲಸ ಮಾಡಿದವರ ಜೊತೆಗೇ ಸಾಯ್ತದೆ. ಸಂಬಳದ ಕೆಲಸಕ್ಕೆ ಇನ್ನೊಬ್ರು ಬತ್ತ್ರು."

ನಗು ನಿಂತಿತು. ಅಧ್ಯಕ್ಷೆ ಮೆಲ್ಲಗೆ ಕೇಳಿದರು: "ಇದ್ರ ಮೇಲೆ ನಿಮಗೆ ಇಷ್ಟು ಹಟ ಎಂತಕೆ ಅಕ್ಕಾ? ನಿಮ್ಮನೇಲಿ ಯಾರಿಗಾದ್ರೂ ದಮ್ಮು ಅದ್ಯಾ?"

ಅಕ್ಕ ಬಾಗಿಲಿನತ್ತ ಕೈ ತೋರಿಸಿದಳು. ಸಭೆಯೆಲ್ಲ ನನ್ನನ್ನು ನೋಡಿತು.

"ಅಂವಂಗೆ ಇತ್ತು. ಐದು ವರ್ಷದವ. ಅಪ್ಪ ಶರಾವತಿಯಲ್ಲಿ ದೋಣಿ ದಾಟಿಸ್ತಿದ್ದ, ಮನೆಗೆ ಬಪ್ಪೂಕೆ ಹೊತ್ತಾಗ್ತಿತ್ತು. ಸಂಜೆ ಆದ್ರೆ ಅಜ್ಜಿ ಇವ್ನ ಕೋಣೆ ಕಿಟಕಿ ಮುಚ್ಚಿ ಕೆಂಡಕ್ಕೆ ಧೂಪ ಹಾಕಿ ಇಡೂದು. ಪ್ರೀತಿಯಿಂದಲೇ ಇಡೂದು. ಇಟ್ಟ ಮೇಲೆ ಇವ್ನ ಎದೆ ಹೊಳೆಗೆ ಸಿಕ್ಕ ದೋಣಿ ಹಾಂಗೆ ಏರೂದು, ಇಳಿಯೂದು. ನಂಗೆ ಹತ್ತು ವರ್ಷ. ಎಂತದೂ ಗೊತ್ತಿಲ್ಲ. ಕಿಟಕಿ ಹತ್ರ ಕರ್ಕಂಡು ಹೋದ್ರೆ ಹುಡುಗ ಸಮಾ ಆಗ್ತ, ಅದೊಂದು ಗೊತ್ತು. ಅಜ್ಜಿ ಭಜನೆಗೆ ಕೂತ ಕೂಡ್ಲೆ ಕೆಂಡದ ಮೇಲೆ ಬೂದಿ ಮುಚ್ಚಿ, ಕಿಟಕಿ ತೆಗೆದು ಇವ್ನ ತೊಡೆ ಮೇಲೆ ಕೂರಿಸ್ಕಂತಿದ್ದೆ. ಸಿಕ್ಕಿ ಬಿದ್ರೆ ಹಿಡಿಕಡ್ಡೀಲಿ ಪೆಟ್ಟು. ತಮ್ಮನ್ನ ಶೀತ ಹಿಡಿಸಿ ಕೊಲ್ತೆ ಹೇಳಿ. ನಾಲ್ಕು ವರ್ಷ ತಿಂದೆ."

ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ಕಿಟಕಿಯಿಂದಲೇ ಗುಣ ಆತು ಹೇಳೂಕೆ ನಾ ಡಾಕ್ಟರಲ್ಲ. ಆದ್ರೆ ಆವತ್ತು ಒಬ್ರು, ಒಬ್ಬರೇ ಒಬ್ರು, ಮನೆಗೆ ಬಂದು ಅಜ್ಜಿಗೆ ತಿಳಿಸಿ ಹೇಳಿದ್ರೆ ಅಜ್ಜಿ ಕೇಳ್ತಿತ್ತು. ಹತ್ತು ವರ್ಷದ ಹುಡುಗಿ ಪೆಟ್ಟು ತಿನ್ನೂದು ಬೇಕಾಗ್ತಿರ್ಲಿಲ್ಲ. ಈಗ ಯಾವ ಯಾವ ಮನೇಲಿ ಯಾವ ಹುಡುಗಿ ತಿಂತಾ ಅದೆಯೋ. ಅದ್ಕೆ ಕೇಳೂದು."

ಮೊದಲು ನಕ್ಕಿದ್ದ ಸದಸ್ಯರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಹಾಕಿ, "ಈ ವರ್ಷಕ್ಕೆ ಒಬ್ರನ್ನ ಬರೀರಿ. ನೋಡ್ವ" ಎಂದರು. ಒಂದು ವರ್ಷದ ಮಟ್ಟಿಗೆ ಪಂಚಾಯತಿಯ ಸ್ವಂತ ಹಣದಿಂದ ಒಬ್ಬ ಹೆಂಗಸು. ಮೂರು ತಾಲೂಕಿಗೂ ಹಣ ಕೊಡಬೇಕೆಂದು ಮೇಲಿನವರಿಗೆ ಒಂದು ಠರಾವು. ಕಾರ್ಯದರ್ಶಿ ಬರೆದರು. ಅಕ್ಕ ಹೋಗಿ ಇಣುಕಿ, ಬರೆದದ್ದನ್ನು ಎರಡು ಸಲ ಓದಿಯೇ ಚೀಲ ಎತ್ತಿಕೊಂಡಳು. ಮೇಲಿನವರು ಏನು ಮಾಡುತ್ತಾರೋ ಗೊತ್ತಿಲ್ಲ. ಅಕ್ಕನಿಗೆ ಈಗಾಗಲೇ ಅವರ ಕಚೇರಿಗೆ ಹೋಗುವ ಬಸ್ಸಿನ ಹೊತ್ತು ಬೇಕಾಗಿದೆ.

ಮನೆಗೆ ಬರುವಾಗ ಇಬ್ಬರಿಗೂ ಒಂದೇ ಕೊಡೆ. ನಾನು ಕೇಳಿದೆ: "ಆ ದಿನ ನನ್ನ ಮನೇಲಿ ಯಾಕೆ ಹೇಳ್ಲಿಲ್ಲ?"

"ನಿಂಗೆ ನಿನ್ನ ತಣ್ಣೀರಿನ ಮೇಲೆ ಅಷ್ಟು ನಂಬಿಕೆ. ಅದ್ರ ಮೇಲೇ ಜೀವನ ಕಟ್ಕಂಡೆ. ಒಳ್ಳೇದೇ ಕಟ್ಕಂಡೆ. ಅದ್ನ ಎಂತಕೆ ಬೀಳ್ಸೂದು ಹೇಳಿ."

ಅರವತ್ತಾರು ವರ್ಷ ಒಂದು ಪೆಟ್ಟಿನ ಸುದ್ದಿಯನ್ನೂ ಹೇಳದೆ, ನನ್ನ ಉಸಿರಿನ ಕೀರ್ತಿಯನ್ನು ಒಂದು ಕೊಡ ತಣ್ಣೀರಿಗೆ ಬಿಟ್ಟುಕೊಟ್ಟವಳು ನನ್ನ ಪಕ್ಕದಲ್ಲಿ ಸೀರೆ ಎತ್ತಿ ಹಿಡಿದು ಕೆಸರು ದಾಟುತ್ತಿದ್ದಳು. ಕೊಡೆ ತನ್ನ ಕಡೆ ಕಡಿಮೆ, ನನ್ನ ಕಡೆ ಹೆಚ್ಚು ಬಾಗುವಂತೆ ಹಿಡಿದಿದ್ದಳು. ಅದನ್ನೂ ನಾನು ಅಂದೇ ಗಮನಿಸಿದ್ದು.

ಸಂಜೆ ಆರು ಇಪ್ಪತ್ತೈದು. ಮೊಮ್ಮಗಳು ಮಂಚದ ಮೇಲೆ ಕಾಲು ಮಡಚಿ ಕುಳಿತು, "ಅಜ್ಜಾ, ಹೊಗೆ ಹೊತ್ತಾತು" ಎಂದು ನೆನಪಿಸಿದಳು. ನನ್ನ ಮೊಮ್ಮಗಳಲ್ಲವೇ, ಹೊತ್ತು ತಪ್ಪುವುದಿಲ್ಲ. ನಾನು ಬಟ್ಟಲನ್ನು ಹಿತ್ತಿಲಿಗೆ ಒಯ್ದು ತೆಂಗಿನ ಬುಡದಲ್ಲಿ ಕವಿಚಿ ಹಾಕಿ ಬಂದೆ. ಸೊಳ್ಳೆಪರದೆಯ ನಾಲ್ಕು ಮೂಲೆ ಕಟ್ಟಿದೆ. ಆಮೇಲೆ ಅವಳ ಕಿಟಕಿಗೆ ಹೋದೆ. ಮಳೆಗೆ ಮರ ಉಬ್ಬಿ ಅಗಳಿ ಬಿಗಿದುಕೊಂಡಿತ್ತು. ಅಂಗೈಯಿಂದ ಎರಡು ಸಲ ಹೊಡೆಯಬೇಕಾಯಿತು.

ಪುಸ್ತಕ ತೆಗೆದು ಬರೆದೆ: ಆರು ಮೂವತ್ತೆರಡು. ಕಿಟಕಿ ತೆಗೆದಾಯಿತು. ಎರಡು ನಿಮಿಷ ತಡ.