ಆನೆಯ ನಾಲ್ಕನೆಯ ಕಾಲು

ಆರು ಎಳೆಯೋ, ಏಳೋ?

ಆರೇ ಇರಬೇಕು. ಏಳಾಗಿದ್ದರೆ ಮೂರನೆಯ ಕಾಲು ಉಳಿದೆರಡಕ್ಕಿಂತ ಉದ್ದವಾಗಿ, ಹನ್ನೊಂದು ತಿಂಗಳಿಂದ ಸಾಕಿದ ಆನೆ ಕುಂಟುತ್ತ ಕುಂದಗೋಳಕ್ಕೆ ಹೋಗಬೇಕಾಗುತ್ತದೆ. ಸಾತ್ವಿಕ ಬಟ್ಟೆಯನ್ನು ದೀಪಕ್ಕೆ ಹಿಡಿದು ಮತ್ತೊಮ್ಮೆ ಎಣಿಸಿದ. ಆರೇ. ಆ ಸಂಶಯ ತೀರಿತು. ಬದಿಗಿದ್ದ ಅರ್ಜಿಯ ಸಂಶಯ ತೀರಲಿಲ್ಲ. ‘ಕಸೂತಿ ಹಾಕಿದವರ ಹೆಸರು’ ಎಂದು ಅಚ್ಚಾಗಿತ್ತು, ಮುಂದೆ ಚುಕ್ಕೆಗಳ ಸಾಲು. ಮೂರು ದಿನದಿಂದ ಆ ಚುಕ್ಕೆಗಳ ಮೇಲೆ ಪೆನ್ನು ಇಡುತ್ತಿದ್ದ, ತೆಗೆಯುತ್ತಿದ್ದ.

ಕೆಲಸದ ಬಗ್ಗೆ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಯರಗುಪ್ಪಿಯಿಂದ ಕುಂದಗೋಳದವರೆಗೆ ಇಂಥ ಆನೆ ಇನ್ನೊಂದಿಲ್ಲವೆಂದು ಎದೆ ತಟ್ಟಿ ಹೇಳಬಲ್ಲವನಾಗಿದ್ದ. ಯಾರ ಮುಂದೆ ಹೇಳುವುದು ಎಂಬುದೇ ತೊಡಕು. ಇಪ್ಪತ್ತಾರು ವರ್ಷದ ಗಂಡಸು, ಹೈಸ್ಕೂಲಿನಲ್ಲಿ ಗಣಿತದ ಅತಿಥಿ ಶಿಕ್ಷಕ, ಸೂಜಿ ಹಿಡಿದು ಕೂಡುತ್ತಾನೆಂದು ಗೊತ್ತಾದರೆ ಊರು ಬೈಯುವುದಿಲ್ಲ. ಬೈದರೆ ಚಿಂತೆಯಿರಲಿಲ್ಲ. ಊರು ನಗುತ್ತದೆ. ನಕ್ಕು, ಮರುದಿನ ಹರಿದ ಅಂಗಿ ಹಿಡಿದುಕೊಂಡು ಬಾಗಿಲಿಗೆ ಬರುತ್ತದೆ.

ಅವನ ದಿನದಲ್ಲಿ ಅವನದು ಎನ್ನುವುದು ಅರ್ಧ ತಾಸು ಮಾತ್ರ, ಬೆಳಗಿನ ನಾಲ್ಕೂವರೆಯಿಂದ ಐದು. ಐದರಿಂದ ಏಳು ಕಾಯಂ ನೌಕರಿಯ ಪರೀಕ್ಷೆಯ ಪುಸ್ತಕಗಳಿಗೆ. ಏಳರಿಂದ ಒಂಬತ್ತು ಟ್ಯೂಶನ್ ಹುಡುಗರಿಗೆ. ಆಮೇಲೆ ಶಾಲೆ. ಸಂಜೆ ಎಮ್ಮೆಗೆ ಮೇವು, ಮತ್ತೆ ಟ್ಯೂಶನ್, ಊಟವಾದ ಮೇಲೆ ಅವ್ವ ಮೊಬೈಲಿನಲ್ಲಿ ತೋರಿಸುವ ಕನ್ಯೆಯರ ಫೋಟೊ. ಎರಡು ವರ್ಷದ ಹಿಂದೆ ಪರೀಕ್ಷೆಯ ಪಟ್ಟಿಯಲ್ಲಿ ತನ್ನ ಹೆಸರಿಲ್ಲವೆಂದು ತಿಳಿದ ಮರುದಿನ ನಸುಕಿನಲ್ಲಿ ನಿದ್ದೆ ಬಾರದೆ ಎದ್ದವನು ಸುಮ್ಮನೆ ಒಂದು ಸೂಜಿ ಕೈಗೆತ್ತಿಕೊಂಡಿದ್ದ. ಎಳೆ ಎಣಿಸುವಾಗ ಬೇರೆ ಯಾವ ಲೆಕ್ಕವೂ ನೆನಪಾಗುತ್ತಿರಲಿಲ್ಲ. ಈಗ ಅವನಿಗೆ ಬೇಕಾಗಿದ್ದದ್ದು ಇಷ್ಟೇ: ಒಂದು ಸಲ, ಎಲ್ಲಾದರೊಂದು ಕಡೆ, ತನ್ನ ಕೆಲಸದ ಕೆಳಗೆ ತನ್ನ ಹೆಸರು.

ಕುಂದಗೋಳದ ಸ್ಪರ್ಧೆಗೆ ವಯಸ್ಸಿನ, ಸ್ತ್ರೀ-ಪುರುಷರ ಭೇದವಿರಲಿಲ್ಲ. ಆ ಸಾಲನ್ನು ಅವನು ಹನ್ನೊಂದು ಸಲ ಓದಿದ್ದ. ಬಟ್ಟೆ ತಲುಪಿಸಲು ಅಂದೇ ಕಡೆಯ ದಿನ, ಸಂಜೆ ಐದರೊಳಗೆ. ಬಸ್ಸು ಮೂರೂವರೆಗೆ. ಆನೆಗೆ ಒಂದು ಕಾಲು ಬಾಕಿ. ಊಟದ ನಂತರ ಎರಡು ಪಿರಿಯಡ್ ಬಿಡುವಿತ್ತು. ಪ್ರಯೋಗಾಲಯದ ಬಾಗಿಲು ಹಾಕಿಕೊಂಡರೆ ಕಾಲೂ ಮುಗಿದೀತು, ಹೆಸರಿನ ಧೈರ್ಯವೂ ಬಂದೀತು ಎಂದುಕೊಂಡ. ಅರ್ಜಿಯನ್ನು ಆನೆಯ ಜೊತೆ ಮಡಿಚಿ, ಯಾರಿಗೂ ಸಂಶಯ ಬರದಿರಲೆಂದು ರೊಟ್ಟಿ ಕಟ್ಟುವ ಹಳೆಯ ಬಟ್ಟೆಯಲ್ಲಿ ಗಂಟು ಕಟ್ಟಿ ಚೀಲದಲ್ಲಿಟ್ಟ.

ಬುದ್ಧಿವಂತಿಕೆ ಅತಿಯಾದದ್ದು ಇಲ್ಲಿಯೇ. ಆ ಶಾಲೆಯಲ್ಲಿ ಯಾರ ಬುತ್ತಿಯನ್ನು ಯಾರು ಬಿಚ್ಚಿದರೂ ಕೇಳುವಂತಿರಲಿಲ್ಲ. ಮೊದಲು ಬಂದವರು ಎಲ್ಲರ ಗಂಟು ಬಿಚ್ಚಿ ಮೇಜಿನ ಮೇಲೆ ಹರವಬೇಕು, ಅದು ರೂಢಿ. ಅಂದು ಮೊದಲು ಬಂದವರು ಮುಖ್ಯಾಧ್ಯಾಪಕ ಇಮಾಮಹುಸೇನ ಸರ್. ಸಾತ್ವಿಕ ತರಗತಿ ಮುಗಿಸಿ ಬರುವಷ್ಟರಲ್ಲಿ ಅವರು ಬೆರಳು ಬಾಯಲ್ಲಿಟ್ಟುಕೊಂಡು ನಿಂತಿದ್ದರು.

“ಏನ್ರಿ ಸಾತ್ವಿಕ, ನಿಮ್ಮ ಮನಿ ರೊಟ್ಟಿ ಚುಚ್ಚತಾವಲ್ರಿ!”

ಮೇಜಿನ ಮೇಲೆ, ಶೇಂಗಾ ಚಟ್ನಿಗೂ ಬದನೆಕಾಯಿ ಪಲ್ಯಕ್ಕೂ ನಡುವೆ, ಅಂಬಾರಿ ಹೊತ್ತ ಆನೆ ಮೂರು ಕಾಲಿನ ಮೇಲೆ ಗಂಭೀರವಾಗಿ ನಿಂತಿತ್ತು. ಸೂಜಿ ಇನ್ನೂ ಬಟ್ಟೆಯಲ್ಲೇ ಇತ್ತು.

“ಸರ, ಅದು…”

“ಅದು ಏನಂತ ನನಗ ಗೊತ್ತಾಗತೈತ್ರಿ. ಮೂವತ್ತು ವರ್ಷ ಹುಡುಗೂರ್ನ ನೋಡೀನಿ. ಹಾಕಿ ಕೊಟ್ಟಾಕಿ ಯಾರು, ಅದನ್ನ ಹೇಳ್ರಿ.”

“ಯಾರೂ ಇಲ್ರಿ ಸರ.”

“ಹೆಸರು ಹೇಳಂಗಿಲ್ಲ! ಸಂಭಾವಿತ ಅದಾನ್ರಿ ಹುಡುಗ,” ಎಂದು ಸರ್ ಉಳಿದ ಶಿಕ್ಷಕರ ಕಡೆ ತಿರುಗಿ ಸರ್ಟಿಫಿಕೇಟ್ ಕೊಟ್ಟರು.

ಬಿಸಿಯೂಟದ ಅಡಿಗೆ ಮಾಡುವ ಜಮಾಲಬಿ ಸಾರಿನ ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ಇಣುಕಿದಳು. ಸಾತ್ವಿಕನ ಮನೆಯ ಹಿಂದಿನ ಓಣಿಯವಳು. “ಯಾ ಅಲ್ಲಾ, ಎಂಥಾ ಆನಿ! ಊರ್ಮಿಳಕ್ಕ ಕನ್ಯಾ ಹುಡುಕಿ ಹುಡುಕಿ ಚಪ್ಪಲ್ ಸವಸ್ಯಾಳ, ಇಂವ ಬುತ್ತ್ಯಾಗ ಬಚ್ಚಿಟ್ಟಾನ!” ಎಂದವಳು ಸೌಟನ್ನು ಸಾತ್ವಿಕನ ಕೈಗೆ ಕೊಟ್ಟು ಹೊರಟೇಬಿಟ್ಟಳು. ಯರಗುಪ್ಪಿಯಲ್ಲಿ ಮೊಬೈಲ್ ಸಿಗ್ನಲ್ ಆಗಾಗ ಹೋಗುತ್ತದೆ, ಜಮಾಲಬಿಯದು ಹೋಗುವುದಿಲ್ಲ.

ಹುಡುಗರಿಗೆ ಸಾರು ಬಡಿಸಿ ಸಾತ್ವಿಕ ತಿರುಗಿ ಬಂದಾಗ ಅವನ ಅವ್ವ ಊರ್ಮಿಳಾ ಸ್ಟಾಫ್ ರೂಮಿನಲ್ಲಿ ಕುಳಿತಿದ್ದಳು. ಒಬ್ಬಳೇ ಬಂದಿರಲಿಲ್ಲ. ಬಾಜು ಮನೆಯ ಅನ್ನಪೂರ್ಣಾಬಾಯಿಯನ್ನು ಕರೆದುಕೊಂಡು ಬಂದಿದ್ದಳು. ಎಂಬತ್ತು ದಾಟಿದ ಆ ಮುದುಕಿ ಕಸೂತಿಯ ವಿಷಯದಲ್ಲಿ ಊರಿಗೆ ಹೈಕೋರ್ಟು ಇದ್ದಂತೆ. ಚಿಕ್ಕವನಿದ್ದಾಗ ಸಾತ್ವಿಕ ಅವಳ ಕಟ್ಟೆಯ ಮೇಲೆ ಕುಳಿತು ಆ ಸೂಜಿ ಓಡುವುದನ್ನು ತಾಸುಗಟ್ಟಲೆ ನೋಡಿದ್ದ. ಕಲಿಸು ಎಂದು ಅವನು ಕೇಳಿರಲಿಲ್ಲ, ಕಲಿ ಎಂದು ಅವಳೂ ಅಂದಿರಲಿಲ್ಲ.

“ಆಯಿ, ನೀವ ನೋಡಿ ಹೇಳ್ರಿ, ಯಾರ ಕೈ ಇದು?” ಎಂದಳು ಊರ್ಮಿಳಾ.

ಅನ್ನಪೂರ್ಣಾಬಾಯಿ ಕನ್ನಡಕ ಒರೆಸಿಕೊಂಡಳು. ಬಟ್ಟೆಯನ್ನು ಮೊದಲು ಹಿಂದೆ ತಿರುಗಿಸಿದಳು. ಕಸೂತಿಯ ಮರ್ಯಾದೆ ಗೊತ್ತಾಗುವುದು ಬೆನ್ನಿನಿಂದ. “ಹಿಂದ ಮುಂದ ಒಂದ ಸಮ ಅದ. ಎಲ್ಲೂ ಗಂಟಿಲ್ಲ. ಚಲೋ ಕೈ.” ಸಾತ್ವಿಕನ ಎದೆ ಉಬ್ಬಿತು. ಮುದುಕಿ ಆನೆಯನ್ನು ಕಣ್ಣಿಗೆ ಹತ್ತಿರ ತಂದಳು. ಸೊಂಡಿಲಿನ ಹತ್ತಿರ ಅವಳ ಬೆರಳು ಒಂದು ಗಳಿಗೆ ನಿಂತಿತು. ಆಮೇಲೆ ಅರ್ಧಕ್ಕೆ ನಿಂತ ಕಾಲಿನ ಮೇಲೆ ಬಂತು.

“ಎಲ್ಲಾರ ಸೂಜಿ ಬಲದಿಂದ ಎಡಕ್ಕ ಓಡತದ. ಇದು ಎಡದಿಂದ ಬಲಕ್ಕ ಬಂದು ನಿಂತದ,” ಎಂದು ತಲೆ ಎತ್ತಿದಳು. “ಇದು ಎಡಗೈ ಕೆಲಸ.”

ಸಾತ್ವಿಕ ಸೌಟು ಹಿಡಿದು ನಿಂತಿದ್ದ, ಎಡಗೈಯಲ್ಲಿ. ಅವನು ಬೋರ್ಡಿನ ಮೇಲೆ ಬರೆಯುವುದು ಎಡಗೈಯಲ್ಲಿ, ಕ್ರಿಕೆಟ್ ಆಡುವುದು ಎಡಗೈಯಲ್ಲಿ. ‘ಎಡಚ ಸರ’ ಎಂದೇ ಹುಡುಗರು ಹೆಸರಿಟ್ಟಿದ್ದರು. ಎಲ್ಲರೂ ಅವನ ಕಡೆ ನೋಡಿದರು. ಸೌಟು ನೋಡಿದರು. ಎಡಗೈ ನೋಡಿದರು. ಆಯಿತು, ಸಿಕ್ಕಿಬಿದ್ದೆ, ಒಳ್ಳೆಯದೇ ಆಯಿತು ಎಂದು ಸಾತ್ವಿಕ ಉಸಿರು ಎಳೆದುಕೊಂಡ. ಎಲ್ಲರ ದೃಷ್ಟಿ, ಬಸ್ಸು ಸಣ್ಣ ಊರನ್ನು ದಾಟಿ ಹೋದಂತೆ, ಅವನನ್ನು ದಾಟಿ ಹಿಂದಕ್ಕೆ ಹೋಯಿತು.

ಹಿಂದೆ ಕಿಟಕಿಯ ಹತ್ತಿರ ವಿಜ್ಞಾನದ ಅತಿಥಿ ಶಿಕ್ಷಕಿ ವೃಂದಾ ಹಾಜರಿ ಪುಸ್ತಕ ತುಂಬುತ್ತಿದ್ದಳು. ಎಡಗೈಯಲ್ಲಿ.

“ಅಯ್ಯ ನನ್ನವ್ವ!” ಎಂದಳು ಊರ್ಮಿಳಾ.

ವೃಂದಾ ಪೆನ್ನು ಕೆಳಗಿಟ್ಟಳು. ಹತ್ತಿರ ಬಂದು ಆನೆಯನ್ನು ನೋಡಿದಳು, ಸಾತ್ವಿಕನ ಬಲಗೈಯ ತೋರುಬೆರಳನ್ನು ನೋಡಿದಳು. ಹೊಲಿಯುವಾಗ ಬಟ್ಟೆಯ ಅಡಿಗಿರುತ್ತಿದ್ದ ಆ ಬೆರಳು ಹನ್ನೊಂದು ತಿಂಗಳು ಸೂಜಿಯ ಪೆಟ್ಟು ತಿಂದು ಜಾಲರಿಯಾಗಿತ್ತು. ಆಮೇಲೆ ಅವನ ಮುಖ ನೋಡಿದಳು. ಅಲ್ಲಿ ಸ್ವಲ್ಪ ಹೊತ್ತು ಕಾದಳು. ಸಾತ್ವಿಕ ಬಾಯಿ ತೆರೆದ. “ಅದು ಏನಂದ್ರ…” ಎಂದ. ಅಷ್ಟರಲ್ಲಿ ಮಡಿಕೆಯಿಂದ ಅರ್ಜಿ ಜಾರಿ ನೆಲಕ್ಕೆ ಬಿತ್ತು. ವೃಂದಾ ಅದನ್ನೆತ್ತಿ ಓದಿದಳು.

“ಹೌದ್ರಿ, ನಾನ ಹಾಕೀನಿ,” ಎಂದಳು ನಿರಾಳವಾಗಿ. “ಸ್ಪರ್ಧಾಕ್ಕ ಕಳಸೂದಿತ್ತು. ಕುಂದಗೋಳಕ್ಕ ಮುಟ್ಟಸ್ರಿ ಅಂತ ಸಾತ್ವಿಕ ಸರಗ ಕೊಟ್ಟಿದ್ದೆ. ಬ್ಯಾರೆ ಏನಿಲ್ರಿ.”

ಊರ್ಮಿಳೆಯ ಮುಖ ಕಾದ ಹಂಚಿನ ಮೇಲೆ ಮರೆತ ರೊಟ್ಟಿಯಂತಾಯಿತು. ಆದರೆ ಇಮಾಮಹುಸೇನ ಸರ್ ಮುಖ ಅರಳಿತು. “ನಮ್ಮ ಸಾಲಿಗೆ ಬಹುಮಾನ! ಹೆಸರ ಬರ್ದಿಲ್ಲಲ್ರಿ ಟೀಚರ? ನಾಚಿಕಿ ಯಾಕ?” ಎಂದು ಅರ್ಜಿ ಕಸಿದು, ಸಾತ್ವಿಕ ಮೂರು ದಿನ ಎದುರಿಗೆ ಕೂತು ತಪಸ್ಸು ಮಾಡಿದ ಚುಕ್ಕೆಗಳ ಮೇಲೆ ದಪ್ಪ ಅಕ್ಷರದಲ್ಲಿ ‘ಕುಮಾರಿ ವೃಂದಾ’ ಎಂದು ಬರೆದು, ಒಂದಕ್ಕೆ ಎರಡು ಸಲ ಶಾಲೆಯ ಶಿಕ್ಕಾ ಹೊಡೆದರು. “ಮೂರೂವರಿ ಬಸ್ಸಿಗೆ ನಾನ ಒಯ್ತೀನಿ. ಹ್ಞಾಂ, ಮುಗಸ್ರಿ ಕಾಲು. ಇಲ್ಲೇ ಕುಂದರ್ರಿ, ನಾವೂ ನೋಡೂಣು.”

ವೃಂದಾಗೆ ಅಂಗಿಯ ಗುಂಡಿ ಹಚ್ಚಲೂ ಬರುತ್ತಿರಲಿಲ್ಲ.

“ಮಂದಿ ನೋಡಿದ್ರ ಎಳಿ ತಪ್ಪತಾವ್ರಿ ಸರ,” ಎಂದಳು ತಡವರಿಸದೆ. “ಲ್ಯಾಬಿನ್ಯಾಗ ಮಾಡ್ತೀನಿ. ಎಣಸಾಕ ಗಣಿತದವರೊಬ್ಬರು ಬೇಕು. ಬರ್ರಿ, ಸಾತ್ವಿಕ ಸರ.”

ಲ್ಯಾಬಿನ ಬಾಗಿಲು ಹಾಕಿದ ಕೂಡಲೆ ಸಾತ್ವಿಕ ತಿರುಗಿ ನಿಂತ. “ಏನ್ರಿ ಇದು? ನನ್ನ ಆನಿ!”

“ಗೊತ್ತೈತ್ರಿ. ನಿಮ್ಮ ಬೆರಳು ನೋಡಿದ ಕೂಡ್ಲೆ ಗೊತ್ತಾತು. ನೀವು ಹೇಳ್ತೀರಂತ ಕಾದೆ. ಹೇಳಲಿಲ್ಲ,” ಎಂದು ವೃಂದಾ ಸ್ಟೂಲಿನ ಮೇಲೆ ಕುಳಿತಳು. “ನಮ್ಮ ಮನ್ಯಾಗ ವರ್ಷಾತು, ಹೆಣ್ಣ ಹುಡುಗಿ ಆಗಿ ಸೂಜಿ ಹಿಡ್ಯಾಕ ಬರಂಗಿಲ್ಲ ಅಂತ ದಿನಾ ಪುರಾಣ. ನೀವು ಒಲ್ಲೆ ಅಂದದ್ದನ್ನ ನಾ ತಗೊಂಡೆ. ಈಗೂ ವ್ಯಾಳ್ಯಾ ಮೀರಿಲ್ಲ. ಹೋಗಿ ಹೇಳ್ರಿ, ಬಾಗಲಾ ತಗೀತೀನಿ.”

ಸಾತ್ವಿಕ ಬಾಗಿಲು ನೋಡಿದ. ಗಡಿಯಾರ ನೋಡಿದ. ಎರಡೂ ಮುಕ್ಕಾಲು. ಹೊರಗೆ ಹೋಗಿ ಹೇಳಿದರೆ ಮೊದಲು ಯಾರೂ ನಂಬುವುದಿಲ್ಲ. ನಂಬಿಸಲು ಇಪ್ಪತ್ತು ನಿಮಿಷ, ನಗಲು ಇಪ್ಪತ್ತು ನಿಮಿಷ. ಆನೆ ಮೂರು ಕಾಲಿನಲ್ಲೇ ನಿಲ್ಲುತ್ತದೆ. ಅವನು ಬಟ್ಟೆ ನೋಡಿದ. ತನ್ನ ಕೈಕೆಲಸದ ವಿಷಯದಲ್ಲಿ ಮಾತ್ರ ಅವನಿಗೆ ಎಂದೂ ಸಂಶಯ ಬಂದದ್ದಿಲ್ಲ.

“ಸರೀರಿ, ಬೆಳಕ ಬಿಡ್ರಿ,” ಎಂದು ಸೂಜಿ ಎತ್ತಿಕೊಂಡ.

ಅವನು ಕಾಲು ಹಾಕುವಷ್ಟರಲ್ಲಿ ವೃಂದಾ ಅವನ ಎಂಟನೆಯ ತರಗತಿಯ ಗಣಿತದ ಪೇಪರುಗಳನ್ನು ತಿದ್ದಿ ಉಪಕಾರ ಮಾಡಿದಳು. ಅಂದು ಅಕ್ಷರ ಚೆಂದವಿದ್ದ ಎಲ್ಲರೂ ಪಾಸಾದರು. ಮೂರು ಇಪ್ಪತ್ತೈದಕ್ಕೆ ಸಾತ್ವಿಕ ಹಲ್ಲಿನಿಂದ ದಾರ ಕಡಿದ. ನಾಲ್ಕೂ ಕಾಲು ಆರಾರು ಎಳೆ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಬಾಗಿಲು ತೆಗೆದಾಗ ಚಪ್ಪಾಳೆ ಬಿತ್ತು. ವೃಂದಾ ಕೈ ಮುಗಿದಳು. “ಏನ ಕೈಯವ್ವ ನಿಂದು!” ಎಂದು ಜಮಾಲಬಿ ಅವಳ ಬೆರಳಿಗೆ ಮುತ್ತಿಟ್ಟು, ಸಾತ್ವಿಕನಿಂದ ತನ್ನ ಸೌಟು ವಾಪಸು ಕೇಳಿದಳು.

ಆನೆ ಮೂರೂವರೆಯ ಬಸ್ಸಿನಲ್ಲಿ, ಮುಖ್ಯಾಧ್ಯಾಪಕರ ತೊಡೆಯ ಮೇಲೆ ಕುಂದಗೋಳಕ್ಕೆ ಹೋಯಿತು.

ಸಂಜೆ ಮನೆಗೆ ಬರುವಾಗ ಅನ್ನಪೂರ್ಣಾಬಾಯಿ ಕಟ್ಟೆಯ ಮೇಲಿಂದ ಕರೆದಳು. “ಬಾರೋ ತಮ್ಮಾ, ಕೂಡು.” ತನ್ನ ಮದುವೆಯ ಕಾಲದ ಚಂದ್ರಕಾಳಿ ಸೀರೆಯ ಸೆರಗನ್ನು ಅವನ ತೊಡೆಯ ಮೇಲೆ ಹಾಸಿದಳು. ಕಪ್ಪು ಸೀರೆಯ ಮೇಲೆ ಬಿಳಿ ಆನೆಗಳ ಸಾಲು.

“ಸೊಂಡಿ ತುದಿ ನೋಡು. ಒಂದು ಹೊಲಿಗಿ ಹೆಚ್ಚದ ಹೌದಿಲ್ಲೋ? ತಪ್ಪು ಅದು. ನಮ್ಮವ್ವ ಬೈದ್ರೂ ತಿದ್ದಲಿಲ್ಲ, ಅರವತ್ತು ವರ್ಷದಿಂದ ಹಂಗ ಹಾಕ್ತೀನಿ. ಈ ತಪ್ಪು ಭೂಮಿ ಮ್ಯಾಲೆ ಇನ್ನೊಬ್ಬರಿಗೆ ಬರಬೇಕಂದ್ರ, ಅವರು ಈ ಕಟ್ಟಿ ಮ್ಯಾಲೆ ಕೂತು ನೋಡಿರಬೇಕು.”

ಸಾತ್ವಿಕ ಸೊಂಡಿಲನ್ನು ನೋಡಿದ. ತನ್ನ ಆನೆಯ ಸೊಂಡಿಲಿನಲ್ಲಿ ಅತಿ ಚೆಂದದ್ದೆಂದು ಅವನು ಹೆಮ್ಮೆಪಡುತ್ತಿದ್ದ ಬಾಗು ಅದು.

“ಮತ್ತ ಆಯಿ, ಅಲ್ಲಿ ಯಾಕ ಹೇಳಲಿಲ್ರಿ?”

“ಅಯ್ಯ, ಹೇಳಿದ್ನಲ್ಲೋ! ಎಡಗೈ ಅಂದೆ. ಇಡೀ ಸಾಲ್ಯಾಗ ಎಡಗೈಯಾಗ ಸೌಟು ಹಿಡಕೊಂಡು ನಿಂತಾಂವ ನೀ ಒಬ್ಬನ. ಅದಕ್ಕಿಂತ ಬಿಡಿಸಿ ಹೆಂಗ ಹೇಳ್ಲಿ? ಬಾಕಿದ್ದನ್ನ ನೀ ಹೇಳಬೇಕಿತ್ತು,” ಎಂದು ಮುದುಕಿ ಸೆರಗು ಮಡಿಚಿಟ್ಟಳು. “ಹೋಗು. ನಿಮ್ಮವ್ವಗ ಈಗರೆ ಹೇಳು.”

ಹೇಳಿಯೇ ಬಿಡುತ್ತೇನೆಂದು ಸಾತ್ವಿಕ ದಾಪುಗಾಲು ಹಾಕಿದ. ಹೊಸ್ತಿಲು ದಾಟುವಷ್ಟರಲ್ಲಿ ಮೊಬೈಲು ಬಡಿದುಕೊಂಡಿತು. ವೃಂದಾ.

“ಸರ, ಸುದ್ದಿ ಬಂತ? ಆನಿ ನೋಡಿ ಅಲ್ಲಿಯವರು ಹುಚ್ಚಾಗ್ಯಾರಂತ. ಭಾನುವಾರ ನೂರು ಮಂದಿ ಮುಂದ ನಾ ಕುಂತು ಹಾಕಿ ತೋರಸಬೇಕಂತ. ಹೆಡ್‌ಮಾಸ್ತರು ಹ್ಞೂಂ ಅಂದು ಬಂದಾರ. ನಾಳೆಯಿಂದ ಕಲಸ್ರಿ. ನಿಮಗ ಬಿಡುವು ಯಾವಾಗ ಇರತೈತಿ?”

“ಮುಂಜಾನೆ ನಾಲ್ಕೂವರಿಯಿಂದ ಐದು,” ಎಂದ ಸಾತ್ವಿಕ ಯೋಚಿಸದೆ.

“ಅಡ್ಡಿಯಿಲ್ರಿ. ವಿಡಿಯೊ ಕಾಲ್ ಮಾಡ್ತೀನಿ,” ಎಂದು ವೃಂದಾ ಫೋನಿಟ್ಟಳು. ಅವನ ದಿನದಲ್ಲಿ ಅವನದೆಂದು ಉಳಿದಿದ್ದ ಅರ್ಧ ತಾಸು ಹೀಗೆ ಹೋಯಿತು.

ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವನ ತಾಟಿಗೆ ಒಂದನ್ನು ಹಾಕಿ ನಿಟ್ಟುಸಿರು ಬಿಟ್ಟಳು. “ಎಂಥಾ ಕೈ ಆ ಹುಡುಗೀದು! ಅಕಿನೂ ಸಾಲಿ ಕಲಸ್ತಾಳ, ಪರೀಕ್ಷಾಕ್ಕ ಓದ್ತಾಳ. ಆದ್ರೂ ಒಂದು ಆನಿ ಹಾಕಾಕ ಹೊತ್ತು ಹೊಂದಿಸ್ಕೊಂಡಾಳ ನೋಡು. ನಿನಗ ನಿನ್ನ ಅಂಗಿ ಗುಂಡಿ ಹಚ್ಚಿಕೊಳ್ಳಾಕರೆ ಬರತೈತೇನೋ?”

ಸಾತ್ವಿಕ ಎಡಗೈಯನ್ನು ತೊಡೆಯ ಕೆಳಗಿಟ್ಟುಕೊಂಡು ಬಲಗೈಯಿಂದ ರೊಟ್ಟಿ ಮುರಿದ.

ಆ ಆನೆ ತನ್ನದೆಂದು ಅವನು ಅವ್ವನಿಗೆ ಅಂದು ಹೇಳಲಿಲ್ಲ, ಆಮೇಲೆಯೂ ಹೇಳಲಿಲ್ಲ.